ಒಂಬತ್ತು ದಿಂಬಿನ ಸೋಫಾ

ಶಿವಾಜಿನಗರದ ಅಹ್ಮದ್ ಪಾಷಾ ಅವರಿಗೆ ಮನುಷ್ಯರ ಮುಖಕ್ಕಿಂತ ಅವರು ಕೂರುವ ರೀತಿ ಚೆನ್ನಾಗಿ ನೆನಪಿರುತ್ತದೆ. ಅಂಗಡಿಗೆ ಯಾರೇ ಬರಲಿ, ಅವರ ಕಣ್ಣು ಮೊದಲು ಹೋಗುವುದು ಬಂದವರ ಪ್ಯಾಂಟಿನ ಹಿಂಭಾಗಕ್ಕೆ. ಅಲ್ಲಿ ಧೂಳಿದ್ದರೆ ಕುರ್ಚಿ ಕೊಡುವುದಿಲ್ಲ, ನಿಲ್ಲಿಸಿಕೊಂಡೇ ಮಾತಾಡಿ ಕಳಿಸುತ್ತಾರೆ. ಮದುವೆ ಸಾಮಾನು ಬಾಡಿಗೆಗೆ ಕೊಡುವುದು ಅವರ ಕೆಲಸ. ಕುರ್ಚಿ, ಜಮಖಾನ, ಬಿರಿಯಾನಿಯ ದೊಡ್ಡ ಪಾತ್ರೆ ಎಲ್ಲ ಇವೆ. ಆದರೆ ಜನ ಅವರನ್ನು ಹುಡುಕಿಕೊಂಡು ಬರುವುದು ಒಂದು ಸೋಫಾಕ್ಕಾಗಿ.

ಕೆಂಪು ಮಖಮಲ್ಲು, ಚಿನ್ನದ ಬಣ್ಣ ಹೊಡೆದ ಸಿಂಹದ ಕಾಲುಗಳು, ಬೆನ್ನಿನಲ್ಲಿ ಎರಡು ನವಿಲು. ಇಪ್ಪತ್ತೈದು ವರ್ಷದ ಹಿಂದೆ ಹಲಸೂರಿನ ಬಡಗಿ ಪಿಳ್ಳಪ್ಪನಿಂದ ಮಾಡಿಸಿದ್ದು. ಅದರ ಮೇಲೆ ಬಣ್ಣಕ್ಕೊಂದರಂತೆ ಜರಿಯ ಸಣ್ಣ ದಿಂಬುಗಳು, ಒಟ್ಟು ಒಂಬತ್ತು. ಹೊಲಿದವರು ಅವರ ಹೆಂಡತಿ ಅನೀಸ್ ಬೇಗಂ. ಅಂಗಡಿಯ ಹಿಂದಿನ ಮನೆಯಲ್ಲಿ ಅವರದು ಮದುವಣಗಿತ್ತಿಯರ ಬಟ್ಟೆ ಹೊಲಿಯುವ ಕೆಲಸ. ಮೊದಮೊದಲು ದಿಂಬುಗಳೇ ಇರಲಿಲ್ಲವಂತೆ. ಎರಡು ಮೂರು ವರ್ಷಕ್ಕೊಂದರಂತೆ ಬಂದು ಸೇರಿಕೊಂಡವು. ‘ನಮ್ ಬೇಗಂಗೆ ಕೈ ಸುಮ್ನಿರಲ್ಲ ಸಾರ್’ ಎಂದು ಪಾಷಾ ಹೆಮ್ಮೆ ಪಡುತ್ತಿದ್ದರು.

ಆ ಸೋಫಾ ಎಲ್ಲಿಗೆ ಹೋದರೂ ಪಾಷಾ ಜೊತೆಗೆ ಹೋಗುತ್ತಾರೆ. ಜೋಡಿ ಬರುವತನಕ ಬಿಳಿ ದುಪ್ಪಟ್ಟಿ ಹೊದಿಸಿ ಪಕ್ಕದಲ್ಲಿ ಕಾವಲು ನಿಲ್ಲುತ್ತಾರೆ. ಕೊನೆಯ ಫೋಟೋ ತೆಗೆದ ಮೇಲೆ ಮತ್ತೆ ಹೊದಿಸಿ ಮನೆಗೆ ತರುತ್ತಾರೆ. ಮಧ್ಯೆ ಯಾವ ಮಾವ ಚಿಕ್ಕಪ್ಪ ಬಂದು ಕೂರಲು ನೋಡಿದರೂ ಎಬ್ಬಿಸುತ್ತಾರೆ. ತಾವೂ ಅದರ ಮೇಲೆ ಕೂತವರಲ್ಲ, ಹೆಂಡತಿಯನ್ನೂ ಕೂರಿಸಿದವರಲ್ಲ.

ಇಷ್ಟು ಬಿಗಿಯೇಕೆಂದರೆ ಅದಕ್ಕೊಂದು ಹೆಸರಿತ್ತು. ‘ಸಾವಿರದ ಮೇಲೆ ಜೋಡಿ ಕೂತಿವೆ ಸಾರ್, ಒಂದೂ ಮುರಿದಿಲ್ಲ’ ಎಂದು ಪಾಷಾ ಎಲ್ಲರಿಗೂ ಹೇಳುತ್ತಿದ್ದರು. ಜನರೂ ನಂಬಿದ್ದರು. ಫ್ರೇಜರ್ ಟೌನಿನ ನಿಕಾಹ್ ಇರಲಿ, ಬೆನ್ಸನ್ ಟೌನಿನ ಚರ್ಚಿನವರ ಪಾರ್ಟಿ ಇರಲಿ, ಹಲಸೂರಿನ ಛತ್ರದ ರಿಸೆಪ್ಷನ್ ಇರಲಿ, ಪಾಷಾ ಸೋಫಾ ಖಾಲಿ ಇದೆಯೇ ಎಂದು ವಿಚಾರಿಸಿ ತಾರೀಖು ಇಡುವವರಿದ್ದರು. ಪಾಷಾಗೆ ಆ ಮಾತು ವ್ಯಾಪಾರದ ಮಾತಾಗಿರಲಿಲ್ಲ. ನಂಬಿಕೆಯೇ ಆಗಿತ್ತು. ಅಂಥ ಮನುಷ್ಯನಿಗೆ ನಾನು ಅರ್ಧ ಸತ್ಯ ಹೇಳಿ ಸೋಫಾ ತಂದೆ ಎಂಬುದನ್ನು ಇಲ್ಲಿ ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಾನು ರಾಜಶೇಖರ. ಊರು ಕಲಬುರಗಿ ಕಡೆ, ಮನೆ ಜೀವನ್ ಬಿಮಾ ನಗರ, ವಿಮೆಯ ಕೆಲಸದಿಂದ ನಿವೃತ್ತ. ನಮ್ಮ ‘ಮೂಡಣ ಬಳಗ’ ವರ್ಷಕ್ಕೊಂದು ನಾಟಕ ಆಡುತ್ತದೆ. ಪ್ರತಿವರ್ಷ ಐತಿಹಾಸಿಕವೋ ಹಾಸ್ಯವೋ ಆಡಿ, ಬೋಂಡಾ ತಿಂದು ಮನೆಗೆ ಹೋಗುತ್ತಿದ್ದೆವು. ಈ ಸಲ ನಿರ್ದೇಶಕ ಸಿದ್ಧಲಿಂಗೇಶನಿಗೆ ಅಮೆರಿಕದ ಹುಚ್ಚು ಹಿಡಿಯಿತು. ಅಲ್ಲಿ ದೊಡ್ಡ ಹೆಸರು ಮಾಡಿದ ಹಳೆಯ ನಾಟಕವೊಂದನ್ನು ಕನ್ನಡ ಮಾಡಿಕೊಂಡು ಬಂದ. ಇಪ್ಪತ್ತು ವರ್ಷ ಸಂಸಾರ ಮಾಡಿದ ಗಂಡ ಹೆಂಡತಿ ಮನೆಯಲ್ಲಿ ಕುಡಿಯುತ್ತ ಎರಡು ಗಂಟೆ ಜಗಳ ಆಡುತ್ತಾರೆ, ಅಷ್ಟೇ ಕಥೆ. ಇದಕ್ಕೆ ಅಮೆರಿಕದವರೆಗೆ ಯಾಕೆ ಹೋಗಬೇಕಿತ್ತೋ ನನಗೆ ತಿಳಿಯದು. ಗಂಡ ಒಬ್ಬ ಪ್ರೊಫೆಸರ್, ಆ ಪಾತ್ರ ನನ್ನದು. ಹೆಂಡತಿಯ ಪಾತ್ರಕ್ಕೆ ಉಮಾಶ್ರೀ, ಕೆ.ಆರ್.ಪುರದ ಬ್ಯಾಂಕಿನಲ್ಲಿ ಅಧಿಕಾರಿ. ಗ್ರಾಹಕರಿಗೆ ಗಟ್ಟಿಯಾಗಿ ‘ಮುಂದೆ ಬನ್ನಿ’ ಎಂದು ಕೂಡ ಹೇಳದ ಹೆಂಗಸು, ರಂಗದ ಮೇಲೆ ಬಂದರೆ ನನ್ನ ಜೀವ ತೆಗೆಯುತ್ತಿದ್ದಳು.

ನಾಟಕಕ್ಕೆ ಬೇಕಾಗಿದ್ದ ಮುಖ್ಯ ಸಾಮಾನು ಸೋಫಾ. ನಮ್ಮ ಮನೆಯದನ್ನೇ ಕೊಡುತ್ತೇನೆಂದು ಧಾರಾಳವಾಗಿ ಮಾತು ಕೊಟ್ಟು ಬಂದಿದ್ದೆ. ನನ್ನ ಹೆಂಡತಿ ಸಂಗಮ್ಮ ಬಾಗಿಲಿಗೆ ಅಡ್ಡ ನಿಂತಳು.

“ನಮ್ಮ ಸೋಫಾದ ಮ್ಯಾಲ ಕುಂತು ನೀವು ಇನ್ನೊಬ್ಬಾಕಿ ಜೋಡಿ ಜಗಳ ಆಡೋದು ಬ್ಯಾಡ. ಆಡೋದಿದ್ರ ನನ್ನ ಜೋಡಿ ಆಡ್ರಿ. ಮೂವತ್ತು ವರ್ಷ ಆತು, ಒಂದ್ ದಿನ ಎದುರು ಕುಂತು ಮಾತಾಡೀರೇನು?”

ನಾನು ಎಂದಿನಂತೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ. ನೇರ ಹೋಗಿದ್ದು ಪಾಷಾ ಅಂಗಡಿಗೆ. ರಾಜ್ಯೋತ್ಸವಕ್ಕೆ ಅವರಲ್ಲಿ ಕುರ್ಚಿ ತರುತ್ತಿದ್ದ ಪರಿಚಯ.

“ಯಾವ ಫಂಕ್ಷನ್ ಸಾರ್?” ಎಂದರು ಪಾಷಾ.

“ಶನಿವಾರ ನಾಟಕ, ಪಾಷಾ ಭಾಯ್. ಮದುವೆ ವಿಷಯದ್ದು.”

“ಶಾದಿ ನಾಟಕಾನಾ! ಹಾಗಾದ್ರೆ ನಮ್ದೇ ಸರಿ. ಆದ್ರೆ ಭಾನುವಾರ ಮಾಸ್ಕ್ ರೋಡಲ್ಲಿ ನಿಕಾಹ್ ಇದೆ ನೋಡಿ. ಹುಡುಗಿ ತಾಯಿ ಅವ್ಳ ಶಾದೀಲಿ ಇದ್ರ ಮೇಲೇ ಕೂತಿದ್ಲು. ಈಗ ಮಗಳನ್ನೂ ಇದ್ರ ಮೇಲೇ ಕೂರಿಸ್ಬೇಕಂತೆ. ಶನಿವಾರ ಮುಗಿದ ತಕ್ಷಣ ವಾಪಸ್ ತರ್ತೀನಿ.”

ಜಗಳದ ವಿಷಯ ನಾನು ಎತ್ತಲಿಲ್ಲ.

ಗುರುವಾರ ಇಂದಿರಾನಗರದ ಸಣ್ಣ ಸಭಾಂಗಣಕ್ಕೆ ಸೋಫಾ ಬಂತು, ಪಾಷಾ ಕೂಡ ಬಂದರು. ನವಿಲನ್ನೂ ದಿಂಬುಗಳನ್ನೂ ನೋಡಿ ಸಿದ್ಧಲಿಂಗೇಶ ತಲೆ ಚಚ್ಚಿಕೊಂಡ. “ಅಮೆರಿಕದ ಪ್ರೊಫೆಸರ್ ಮನೇಲಿ ಇದಿರತ್ತಾ ಗುರು? ದಿಂಬಾದ್ರೂ ತೆಗೀರಿ.” ಬೇಗಂ ಹೊಲಿದ ದಿಂಬು ತೆಗೆಯಲು ಪಾಷಾ ಒಪ್ಪಲಿಲ್ಲ. ಪಕ್ಕದ ಪರದೆಯ ಹಿಂದೆ ಸ್ಟೂಲು ಹಾಕಿಕೊಂಡು ಕೂತರು. ತಾಲೀಮು ಶುರುವಾಯಿತು. ಐದೇ ನಿಮಿಷ. ಉಮಾಶ್ರೀ ಸೋಫಾ ಮೇಲೆ ಕೂತು, ‘ನಿನ್ನನ್ನು ಕಟ್ಟಿಕೊಂಡ ದಿನವೇ ನಾನು ಸತ್ತೆ’ ಎಂದು ಅರಚಿದಳು. ಪಾಷಾ ದುಪ್ಪಟ್ಟಿ ಹಿಡಿದು ಒಳಗೆ ನುಗ್ಗಿದರು.

“ಯಾ ಅಲ್ಲಾ, ಇದೇನ್ ಸಾರ್? ಇವ್ರು ಯಾವಾಗ ರಾಜಿ ಆಗ್ತಾರೆ?”

“ಆಗಲ್ಲ” ಎಂದ ಸಿದ್ಧಲಿಂಗೇಶ.

“ಆಗೋದೇ ಇಲ್ವಾ!” ಅವರು ನನ್ನ ಕಡೆ ತಿರುಗಿದರು. “ಶಾದಿ ನಾಟಕ ಅಂದ್ರಲ್ಲ ಸಾರ್. ನನ್ ಸೋಫಾ ಮೇಲೆ ಮನೆ ಮುರೀತೀರಾ? ಭಾನುವಾರ ಆ ಹುಡುಗಿ ಕೂತ್ಕೋಬೇಕು ಇಲ್ಲಿ.”

ನನಗೆ ನಾಚಿಕೆಯಾಯಿತು. ನಾಟಕ ಬರೀ ಆಟ ಎಂದು ಎಷ್ಟು ಹೇಳಿದರೂ ಅವರು ಒಪ್ಪಲಿಲ್ಲ. ಮದುವೆ ಮನೆಯಲ್ಲಿ ಯಾರೂ ಆಟಕ್ಕೂ ಅಪಶಕುನ ಆಡುವುದಿಲ್ಲವಲ್ಲ ಎಂದರು. ಕೊನೆಗೆ ಅರ್ಧ ಗಂಟೆ ಚೌಕಾಶಿಯಾಗಿ ಒಂದು ಕರಾರಿಗೆ ಬಂದೆವು. ಬೈಯುವ ಮಾತು ಬಂದಾಗ ಆಡುವವರೂ ಕೇಳುವವರೂ ಎದ್ದು ನಿಂತಿರಬೇಕು. ಒಳ್ಳೆಯ ಮಾತಿಗೆ ಮಾತ್ರ ಸೋಫಾ. ಮೂರನೆಯ ಅಂಕದಲ್ಲಿ ಹೆಂಡತಿ ಗಂಡನ ಮೇಲೆ ಎರಚುವ ವಿಸ್ಕಿ ನೆಲಕ್ಕೆ ಬೀಳಬೇಕು, ಅದೂ ಬರೀ ನೀರಾಗಿರಬೇಕು.

ಇಡೀ ನಾಟಕದಲ್ಲಿ ಒಳ್ಳೆಯ ಮಾತು ಇದ್ದದ್ದು ಏಳು. ಎರಡು ದಿನ ನಾವು ಎದ್ದೆವು, ಕೂತೆವು, ಎದ್ದೆವು. ನನ್ನ ಮಂಡಿ ಹೋಯಿತು. ಆದರೆ ನಾಟಕಕ್ಕೆ ಇಲ್ಲದ ಕಳೆ ಬಂತು. ಯಾವಾಗ ಇಬ್ಬರೂ ಕೂರುತ್ತಾರೋ ಎಂದು ತಾಲೀಮು ನೋಡುತ್ತ ಬೆಂಚಿನ ಮೇಲೆ ಕೂತಿದ್ದ ಬಳಗದವರು ಕಾಯತೊಡಗಿದರು. ಸಿದ್ಧಲಿಂಗೇಶ ಅದನ್ನು ತನ್ನದೇ ಹೊಸ ತಂತ್ರವೆಂದು ಕರಪತ್ರದಲ್ಲಿ ಅಚ್ಚು ಹಾಕಿಸಿದ.

ಶನಿವಾರ ಸಂಜೆ ಸಭಾಂಗಣ ತುಂಬಿತ್ತು. ಎರಡು ದಿನ ಗಂಡನ ಗೋಳು ಕೇಳಿ ಕೇಳಿ, ಅದೆಂಥ ಜಗಳ ನೋಡಿಯೇ ಬಿಡೋಣವೆಂದು ಅನೀಸ್ ಬೇಗಂ ಕೂಡ ಎರಡನೆಯ ಸಾಲಿನಲ್ಲಿ ಬಂದು ಕೂತಿದ್ದರು. ಅವರ ಪಕ್ಕದಲ್ಲೇ ಸಂಗಮ್ಮ. ಒಳಗೆ ಸಿದ್ಧಲಿಂಗೇಶ ಫ್ಲಾಸ್ಕಿನಿಂದ ಕಪ್ಪು ಚಹಾ ಬಗ್ಗಿಸಿ ವಿಸ್ಕಿ ಬಾಟಲಿ ತುಂಬುತ್ತಿದ್ದ. ನೀರು ಕುಡಿದು ಯಾರು ಜಗಳ ಆಡ್ತಾರೆ ಎಂದು ಕಣ್ಣು ಹೊಡೆದ. ಪಾಷಾಗೆ ಹೇಳಬೇಕು ಎಂದುಕೊಂಡೆ. ಹೇಳಲಿಲ್ಲ. ಇದು ನನ್ನ ಎರಡನೆಯ ತಪ್ಪು.

ಎರಡು ಅಂಕ ಸುಸೂತ್ರವಾಗಿ ನಡೆದವು. ಮೂರನೆಯದರಲ್ಲಿ ಉಮಾಶ್ರೀಗೆ ಆವೇಶ ಬಂತು. ಎದ್ದು ಆಡಬೇಕಾದ ಮಾತನ್ನು ಸೋಫಾದ ನಟ್ಟನಡುವೆ ಕೂತು ಆಡಿದಳು. ಲೋಟ ಎತ್ತಿ ಎರಚಿದಳು. ಸೋಫಾಕ್ಕೆ ಒರಗಿ ನಿಂತಿದ್ದ ನಾನು ಅಭ್ಯಾಸದಂತೆ ಪಕ್ಕಕ್ಕೆ ಸರಿದೆ. ಚಹಾ ಪೂರ್ತಿ ಮಖಮಲ್ಲಿನ ಮೇಲೆ ಬಿತ್ತು.

ಪಾಷಾ ಬಂದೇ ಬಂದರು. ಒಂದು ಕೈಯಲ್ಲಿ ಸ್ಪಂಜು, ಇನ್ನೊಂದರಲ್ಲಿ ದುಪ್ಪಟ್ಟಿ. ಮುನ್ನೂರು ಜನರ ಎದುರು ಮಂಡಿಯೂರಿ ಒರೆಸತೊಡಗಿದರು. ಉಮಾಶ್ರೀ ಗಡಬಡಿಸಿ ಎದ್ದು ನನ್ನ ಪಕ್ಕ ಬಂದಳು. ಒರೆಸಿ ಒರೆಸಿ ಕಲೆ ಹೋಗದೆ ಅವರು ನಮ್ಮತ್ತ ಮುಖ ಎತ್ತಿದರು. ಕಣ್ಣಲ್ಲಿ ನೀರಿತ್ತು.

“ಏಳಿ ಅಂದಿದ್ನಲ್ಲ ಮೇಡಂ. ಸಾವಿರ ಜೋಡಿ ಕೂತಿವೆ ಇದ್ರ ಮೇಲೆ, ಒಂದೂ ಮುರಿದಿಲ್ಲ. ನೀವ್ಯಾಕೆ ಮುರೀತೀರಿ?”

ಆಗ ಎರಡನೆಯ ಸಾಲಿನಿಂದ ಒಂದು ಧ್ವನಿ ಎದ್ದಿತು.

“ಝೂಟ್!”

ಅನೀಸ್ ಬೇಗಂ ಎದ್ದು ನಿಂತಿದ್ದರು. ಸಭೆಗೆ ತಿಳಿಯಲೆಂದು ಕನ್ನಡಕ್ಕೆ ತಿರುಗಿದರು. “ಸುಳ್ಳು ಹೇಳ್ಬೇಡಿ ಜೀ. ಒಂಬತ್ತು ಮುರಿದಿವೆ.”

ಮೆಟ್ಟಿಲು ಹತ್ತಿ ಮೇಲೆ ಬಂದರು. ಸೋಫಾದಿಂದ ಹಸಿರು ದಿಂಬು ಎತ್ತಿಕೊಂಡರು. “ಇದು ಟ್ಯಾನರಿ ರೋಡ್ ಹುಡುಗಿ ಶಾದಿ ಬಟ್ಟೆ, ಶರಾರಾ. ಶಾದಿಯಾಗಿ ಎಂಟು ತಿಂಗಳಿಗೆ ತಂದು, ಆಪಾ, ಇದನ್ನ ಕತ್ತರಿಸಿ ಏನಾದ್ರೂ ಮಾಡಿ, ಕಣ್ಣಿಗೆ ಕಾಣ್ಬಾರ್ದು ಅಂದ್ಲು. ಈ ಬಿಳೀದು ಬೆನ್ಸನ್ ಟೌನ್ ಹುಡುಗಿ ಗೌನು. ಈ ನೇರಳೆ ಹಲಸೂರಿನ ಪೂಜಿತಾ ಸೀರೆ, ಅವ್ಳ ಗಂಡ ರಿಸೆಪ್ಷನ್ ಫೋಟೋ ಬರೋಕ್ ಮುಂಚೆನೇ ಹೋಗ್ಬಿಟ್ಟ. ಬಿಸಾಕೋಕೆ ಮನಸಾಗ್ಲಿಲ್ಲ ನನಗೆ. ದಿಂಬು ಮಾಡಿದೆ.”

ಪಾಷಾ ಸ್ಪಂಜು ಹಿಡಿದುಕೊಂಡೇ ಒಂಬತ್ತು ದಿಂಬುಗಳನ್ನೂ ಒಂದೊಂದಾಗಿ ನೋಡಿದರು. “ಯಾಕ್ ಹೇಳ್ಲಿಲ್ಲ ನನಗೆ?”

“ನೀವು ಯಾವತ್ತು ಕೇಳಿದ್ರಿ? ಶಾದಿ ಮುಗೀತು, ದುಪ್ಪಟ್ಟಿ ಹಾಕಿದ್ರಿ, ಸೋಫಾ ತಂದ್ರಿ. ಕಲೆ ಆಯ್ತಾ ಅಂತ ಸೋಫಾನೇ ನೋಡಿದ್ರಿ. ಕೂತವ್ರು ಹೇಗಿದ್ದಾರೆ ಅಂತ ಒಂದ್ ದಿನ ಕೇಳಿದ್ರಾ?”

ಪಾಷಾ ಸ್ಪಂಜು ಕೆಳಗಿಟ್ಟರು. ಆಮೇಲೆ ತಗ್ಗಿದ ದನಿಯಲ್ಲಿ, “ನಾವು ಮುರಿದಿಲ್ವಲ್ಲ ಅನೀಸ್?” ಎಂದರು.

“ನಾವು ಇದ್ರ ಮೇಲೆ ಕೂತೇ ಇಲ್ವಲ್ಲ ಜೀ.”

ಸಭೆ ಹೋ ಎಂದು ನಕ್ಕಿತು. ಚಪ್ಪಾಳೆ ನಿಲ್ಲಲೇ ಇಲ್ಲ. ಸಿದ್ಧಲಿಂಗೇಶ ಸಮಯ ನೋಡಿ ಪರದೆ ಎಳೆಸಿಬಿಟ್ಟ. ನನ್ನ ನಾಲ್ಕು ಪುಟದ ಮಾತು ಒಳಗೇ ಉಳಿಯಿತು. ಅಮೆರಿಕದ ನಾಟಕವನ್ನು ಶಿವಾಜಿನಗರಕ್ಕೆ ಎಷ್ಟು ಸಹಜವಾಗಿ ತಂದಿದ್ದೀರಿ ಎಂದು ಜನ ಅವನ ಕೈ ಕುಲುಕಿದರು. ಹೌದು, ತುಂಬ ಶ್ರಮವಾಯಿತು ಎಂದ ಆ ಪುಣ್ಯಾತ್ಮ.

ಪರದೆಯ ಹಿಂದೆ ಅನೀಸ್ ಬೇಗಂ ಸೋಫಾ ಮೇಲೆ, ಒದ್ದೆ ಇದ್ದ ಜಾಗದ ಪಕ್ಕದಲ್ಲೇ ಕೂತರು. ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ. “ಬನ್ನಿ” ಎಂದರು. ಪಾಷಾ ಕಲೆಯನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಅಭ್ಯಾಸಬಲದಿಂದ ತಮ್ಮ ಪೈಜಾಮದ ಹಿಂಭಾಗ ಕೊಡವಿಕೊಂಡರು.

“ಒದ್ದೆ ಇದೆ” ಎಂದರು.

“ಇರ್ಲಿ, ಕೂತ್ಕೊಳ್ಳಿ.”

ಕೂತರು. ನಾನು ಕ್ಷಮೆ ಕೇಳಲು ಹೋದವನು, ಕೇಳುವ ಧೈರ್ಯವಾಗದೆ ಹಿಂದೆ ಬಂದೆ.

ಮರುದಿನ ಮಾಸ್ಕ್ ರೋಡಿನಲ್ಲಿ ಪಾಷಾ ಹುಡುಗಿಯ ತಾಯಿಯನ್ನು ಪಕ್ಕಕ್ಕೆ ಕರೆದು ಕಲೆಯನ್ನು ತೋರಿಸಿದರಂತೆ. ಒಂಬತ್ತು ಜೋಡಿಯ ವಿಷಯವನ್ನೂ ಹೇಳಿ, ಬೇಡವೆಂದರೆ ಬೇರೆ ಸೋಫಾ ತರಿಸುವೆ ಎಂದರಂತೆ. ಆಕೆ ನಕ್ಕು, “ನನ್ ಮಗಳು ಸೋಫಾನ ಶಾದಿ ಆಗ್ತಿಲ್ಲ ಭಾಯ್” ಎಂದು ಹಸಿರು ದಿಂಬನ್ನೇ ಕಲೆಯ ಮೇಲಿಟ್ಟು ಮಗಳನ್ನು ಕೂರಿಸಿದಳಂತೆ. ಸೋಫಾಕ್ಕೆ ಈಗಲೂ ಬೇಡಿಕೆ ಕಡಿಮೆಯಾಗಿಲ್ಲ.

ಪಾಷಾ ಮಾತ್ರ ಬದಲಾದರು. ಯಾರದೇ ಮದುವೆಯಾಗಿ ನಲವತ್ತು ದಿನಕ್ಕೆ, ಸೋಫಾ ಮೇಲೆ ಕೂತಿದ್ದ ಆ ಜೋಡಿಯ ಮನೆಗೆ ಪಾಷಾ, ಬೇಗಂ ಇಬ್ಬರೂ ಒಂದು ಡಬ್ಬಿ ಮಿಠಾಯಿ ಹಿಡಿದು ಹೋಗುತ್ತಾರೆ. ಹೇಗಿದ್ದೀರಿ ಎಂದು ಕೇಳುತ್ತಾರೆ, ಉತ್ತರ ಬರುವವರೆಗೆ ಕಾಯುತ್ತಾರೆ. ಪಾಷಾ ಒಬ್ಬರೇ ಆಗಿದ್ದರೆ ಜನ ಚೆನ್ನಾಗಿದ್ದೇವೆ ಎಂದು ಕಳಿಸಿಬಿಡುತ್ತಿದ್ದರೇನೋ. ಅನೀಸ್ ಬೇಗಂ ಎದುರು ಹಾಗೆ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ನಾಟಕವಾದ ನಲವತ್ತನೆಯ ದಿನ ನಮ್ಮ ಮನೆಯ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಇಬ್ಬರೂ, ಕೈಯಲ್ಲಿ ಡಬ್ಬಿ.

“ನೀವೂ ಕೂತಿದ್ರಲ್ಲ ಸಾರ್” ಎಂದರು ಪಾಷಾ. “ಉಮಾಶ್ರೀ ಮೇಡಂ ಮನೆಗೆ ಹೋಗ್ಬಂದ್ವಿ, ಆರಾಮಾಗಿದಾರೆ. ನಿಮ್ಮನೇಲಿ ಎಲ್ಲ ಚೆನ್ನಾಗಿದೆಯಾ?”

ನಾನು ಬಾಯಿ ತೆರೆಯುವಷ್ಟರಲ್ಲಿ ಸಂಗಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಸೋಫಾ ಮೇಲಿದ್ದ ನನ್ನ ಪೇಪರು ತೆಗೆದು ಬದಿಗಿಟ್ಟಳು.

“ಕುಂದರ್ರಿ ಭಾಯ್. ಕುಂದರ್ರಿ ಅಕ್ಕಾ. ಹೇಳ್ತೀನಿ.”

ನನ್ನ ಕಣ್ಣು ಚಪ್ಪಲಿಯ ಕಡೆ ಹೋಯಿತು. ಪಾಷಾ ಅದನ್ನು ನೋಡಿ ಬಾಗಿಲು ಹಾಕಿದರು. ಸಂಗಮ್ಮ ಎರಡು ಗಂಟೆ ಹೇಳಿದಳು. ಕರಾರಿನ ಪ್ರಕಾರ ನಾನು ನಿಂತೇ ಇದ್ದೆ.