ಜುಮ್ಮೆನ್ನುತ್ತಿದ್ದ ಪೆಟ್ಟಿಗೆ

ಭಾನುವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಕಂಪ್ಯೂಟರಿನ ಪರದೆಯ ಮೂಲೆಯಲ್ಲಿದ್ದ ಗಡಿಯಾರ ನೋಡಿಯೇ ನಾನು ಗುಂಡಿ ಒತ್ತಿದ್ದು. ಅದಾಗಿ ಎರಡು ಗಂಟೆಯೊಳಗೆ ನನ್ನ ತಮ್ಮ ಸಾಯಬೇಕಾಗಿತ್ತು. ಸಾಯಲಿಲ್ಲ. ಆದರೂ ಇವತ್ತಿಗೂ ನಾನು ಮನಸ್ಸಿನಲ್ಲಿ ಆ ಹತ್ತು ನಲವತ್ತಕ್ಕೆ ಹಿಂದಿರುಗುತ್ತೇನೆ; ಗುಂಡಿ ಒತ್ತದೆ ಎದ್ದುಹೋಗಿ ಬಟ್ಟೆ ಒಗೆಯುತ್ತೇನೆ.

ಮಂಡ್ಯದಲ್ಲಿ ಅವ್ವ ಮತ್ತು ನಾನು ಇಬ್ಬರೇ ಇರುವ ಮನೆ. ನಾನು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ವಿದ್ಯಾರ್ಥಿಗಳಿಗೆ ಕೇಳಿಸಲೆಂದು ಬಂಡೂರಿಗೆ ಹೋಗಿ, ಕುರಿ ಸಾಕುವ ಹಿರಿಯರ ಮಾತುಗಳನ್ನು ರೆಕಾರ್ಡ್ ಮಾಡಿಕೊಂಡು ಬಂದಿದ್ದೆ. ಹದಿನಾಲ್ಕು ಗಂಟೆಯ ಮಾತು, ನಡುನಡುವೆ ಕುರಿಗಳ ಅರಚಾಟ. ಫೈಲುಗಳು ವಿಪರೀತ ದೊಡ್ಡವು. ಅವನ್ನು ಎಂಪಿತ್ರೀಗೆ ಬದಲಿಸಿ ಚಿಕ್ಕದು ಮಾಡಿದರಷ್ಟೇ ಮಕ್ಕಳ ಫೋನಿಗೆ ಕಳಿಸಲು ಸಾಧ್ಯ. ಸೋಮವಾರದ ತರಗತಿಗೆ ಬೇಕಿತ್ತು.

ಗುಂಡಿ ಒತ್ತಿದಾಗ ಇನ್ನು ಒಂದು ಗಂಟೆ ಎಂದು ತೋರಿಸಿತು. ಕಾಫಿ ಕುಡಿದು ಬರುವಷ್ಟರಲ್ಲಿ ಆ ಒಂದು ಗಂಟೆ ಐದಾಗಿತ್ತು, ಆಮೇಲೆ ಒಂಬತ್ತಾಯಿತು. ತೆರೆದಿದ್ದ ಬೇರೆಲ್ಲವನ್ನೂ ಮುಚ್ಚಿದೆ. ರೆಕಾರ್ಡರಿನಿಂದ ನೇರವಾಗಿ ಓದುತ್ತಿರುವುದೇ ತೊಂದರೆಯೆಂದು ಫೈಲುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಂಡು ಮತ್ತೆ ಮೊದಲಿಂದ ಶುರುಮಾಡಿದೆ. ಎಲ್ಲ ಒಟ್ಟಿಗೆ ಬೇಡವೆಂದು ಒಂದೊಂದನ್ನೇ ಕೊಟ್ಟೆ. ಆದರೂ ಅದು ತೆವಳುತ್ತಲೇ ಇತ್ತು. ಮೇಜಿನ ಕೆಳಗೆ ನೆಲದ ಮೇಲಿದ್ದ ಪೆಟ್ಟಿಗೆಯಿಂದ ಒಂದು ನರಳಾಟ ಏರುತ್ತಿತ್ತು, ಇಳಿಯುತ್ತಿತ್ತು. ಬಗ್ಗಿ ಮುಟ್ಟಿದೆ. ಬಿಸಿ. ಜೊತೆಗೆ ಬೆರಳ ತುದಿಗೆ ಜುಮ್.

ಆ ಜುಮ್ ನಮಗೆ ಹೊಸದಲ್ಲ. ತಿಂಗಳಿನಿಂದ ಹಾಗೇ ಇತ್ತು. ಅದಕ್ಕೆಂದೇ ಕುರ್ಚಿಯ ಕೆಳಗೆ ರಬ್ಬರ್ ಮ್ಯಾಟ್ ಹಾಕಿಕೊಂಡಿದ್ದೆವು. ಬಚ್ಚಲ ನಲ್ಲಿಯೂ ಚುರ್ರೆನ್ನುತ್ತದೆ ಎಂದು ಅವ್ವ ಎರಡು ಮೂರು ಸಲ ಹೇಳಿದ್ದಳು. ವಯಸ್ಸಾಯಿತು, ನರದ ವೀಕ್‌ನೆಸ್ ಎಂದು ನಾನೇ ಮಾತ್ರೆ ತಂದುಕೊಟ್ಟಿದ್ದೆ.

ತಮ್ಮನಿಗೆ ಫೋನ್ ಮಾಡಿದೆ. ಅವನದು ಮದ್ದೂರಿನಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ. ಅರ್ತಿಂಗ್ ಕೊಡದೆ ಬೋರ್‌ವೆಲ್‌ಗೆ ಲೈನ್ ಎಳೀಬೇಡಿ ಎಂದು ಊರಿಗೆಲ್ಲ ಬುದ್ಧಿ ಹೇಳುವವನು. ಬೈಕಿನಲ್ಲಿ ಬಂದ, ಚಪ್ಪಲಿ ಹೊರಗೆ ಬಿಟ್ಟ, ಪೆಟ್ಟಿಗೆಯ ಹಿಂಭಾಗಕ್ಕೆ ಮೊಬೈಲ್ ಬೆಳಕು ಹಾಕಿ ನೋಡಿದ.

"ಅಕ್ಕಾ, ಇದ್ಯಾವಾಗ ಕ್ಲೀನ್ ಮಾಡಿದ್ದೆ? ಒಳ್ಗೆ ಆಲೆಮನೆ ಮಸಿಯೆಲ್ಲ ಕುಂತದೆ. ಫ್ಯಾನ್ ತಿರುಗ್ತಾನೇ ಇಲ್ಲ, ಅದ್ಕೇ ಬಿಸಿ ಆಯ್ತದೆ. ಬಿಸಿ ಆದ್ರೆ ಅದೇ ನಿಧಾನಕ್ ಓಡ್ತದೆ, ಸುಟ್ಟೋಗ್ಬಾರ್ದಲ್ಲ."

"ಮೇಷ್ಟ್ರ ಮನೇಲಿ ಇಷ್ಟೊಂದ್ ಕಸವಾ ಅಂತ ಆಡ್ಕೊ," ಎಂದಳು ಅವ್ವ, ನೆಲ ಒರೆಸುತ್ತಾ. ಮ್ಯಾಟನ್ನು ಒಣಗಲೆಂದು ಹೊರಗೆ ಹಾಕಿದ್ದವಳು ಅವಳೇ. "ನೀನ್ ಕಾಲ್ ಎತ್ಲಾ, ನೀರದೆ."

ಅವನು ಪ್ಲಗ್ಗಿನ ಕಡೆ ಕೈ ಚಾಚಿದ. "ಆಫ್ ಮಾಡಿ ಬಿಚ್ತೀನಿ."

"ಬೇಡ ಕಣೋ," ಎಂದೆ. "ಈ ಫೈಲು ಅರ್ಧಕ್ಕಿಂತ ಹೆಚ್ಚು ಆಗಿದೆ. ಮತ್ತೆ ಮೊದಲಿಂದ ಮಾಡ್ಬೇಕಾಗ್ತದೆ. ಹಂಗೇ ಬ್ರಷ್ ಆಡಿಸು."

"ಬುಡು, ನಿನ್ ಕುರಿಗಳು ಕಾಯಕ್ಕಿಲ್ಲ," ಎಂದು ನಕ್ಕ. ಒದ್ದೆ ನೆಲದ ಮೇಲೆ ಮಂಡಿಯೂರಿ ಕುಳಿತು, ಪಕ್ಕದ ತಗಡು ತೆಗೆದು, ಪೆಟ್ಟಿಗೆಯನ್ನು ಹೊರಕ್ಕೆ ಎಳೆಯಲು ಎಡಗೈಯಿಂದ ಅದರ ಚೌಕಟ್ಟು ಹಿಡಿದ.

ನೆಲ ಒರೆಸಿ ಬಚ್ಚಲಿಗೆ ಹೋಗಿದ್ದ ಅವ್ವನ ದನಿ ಬಂತು. "ಗೀಜರ್ ಆಕ್ದೆ ಕಣಮ್ಮ, ನೀನೂ ತಲೆಗೆ ಉಯ್ಕೊ."

ತಮ್ಮ ಮಾತಾಡಲಿಲ್ಲ. ಆಟವಾಡುತ್ತಿದ್ದಾನೆ ಎಂದುಕೊಂಡೆ. ಕತ್ತಿನ ನರಗಳು ಹಗ್ಗದಂತೆ ಎದ್ದಿದ್ದವು. ಕೈ ಚೌಕಟ್ಟನ್ನು ಬಿಗಿಯುತ್ತಲೇ ಹೋಯಿತು. ಬಾಯಿ ತೆರೆದಿತ್ತು, ಆದರೆ ಅದರಿಂದ ಬಂದದ್ದು ಹಲ್ಲಿನ ಸದ್ದು ಮಾತ್ರ. ಪ್ಲಗ್ ಅವನ ಬೆನ್ನ ಹಿಂದಿತ್ತು. ಅವನನ್ನು ಮುಟ್ಟದೆ ಅಲ್ಲಿಗೆ ಹೋಗಲಾಗುತ್ತಿರಲಿಲ್ಲ. ಮೇನ್ ಸ್ವಿಚ್ ಪಡಸಾಲೆಯಲ್ಲಿ. ಓಡಬೇಕಿತ್ತು. ಓಡುವ ಮುಂಚೆ ನಾನು ಪರದೆಯನ್ನು ನೋಡಿದೆ. ಎಂಬತ್ತೊಂದು ಪರ್ಸೆಂಟ್ ಎಂದಿತ್ತು. ಕರೆಂಟು ತೆಗೆದರೆ ಇದು ಹೋಗುತ್ತದಲ್ಲ ಎಂಬ ಯೋಚನೆ ನನ್ನ ತಲೆಯೊಳಗೆ ಪೂರ್ತಿಯಾಗಿ, ಸ್ಪಷ್ಟವಾಗಿ ಹಾದುಹೋಯಿತು.

ಆಮೇಲೆ ಓಡಿದೆ. ಸ್ವಿಚ್ ಕೆಳಗೆಳೆದೆ. ಒಳಗೆ ಏನೋ ದೊಪ್ಪನೆ ಬಿದ್ದ ಸದ್ದು.

ಅವನು ಮಗ್ಗುಲಾಗಿ ಬಿದ್ದು ಮೇಲುಸಿರು ಬಿಡುತ್ತಿದ್ದ. ಅಂಗೈಗೆ ಅಡ್ಡಲಾಗಿ ಬಿಳಿಯ ಗೆರೆಯೊಂದು ಸುಟ್ಟಿತ್ತು. ಬಚ್ಚಲ ಬಾಗಿಲಲ್ಲಿ ಟವೆಲ್ ಹಿಡಿದು ನಿಂತಿದ್ದ ಅವ್ವ, "ಯಾಕ್ ಕರೆಂಟ್ ತೆಗ್ದೆ?" ಎಂದು ಕೇಳಿದಳು. ಇನ್ನೊಂದು ನಿಮಿಷವಾಗಿದ್ದರೆ ಅವಳ ಕೈ ನಲ್ಲಿಯ ಮೇಲಿರುತ್ತಿತ್ತು.

ಆಸ್ಪತ್ರೆಯಲ್ಲಿ ಎದೆಯ ಪರೀಕ್ಷೆ ಮಾಡಿ, ಸಂಜೆಯವರೆಗೆ ಮಲಗಿಸಿಕೊಂಡು, ಏನೂ ಇಲ್ಲವೆಂದು ಕಳಿಸಿದರು. ಕಾರಣವನ್ನು ತಮ್ಮನೇ ಹೇಳಿದ. ಗೀಜರಿನೊಳಗೆ ಕರೆಂಟು ಲೀಕ್ ಆಗುತ್ತಿತ್ತು. ಅದು ಅರ್ತ್ ತಂತಿಯಲ್ಲಿ ಮಣ್ಣಿಗೆ ಇಳಿದುಹೋಗಬೇಕಿತ್ತು. ಆದರೆ ಮನೆಗೆ ಮಣ್ಣೇ ಇರಲಿಲ್ಲ. ಹೋದ ವರ್ಷ, ರಂಗೋಲಿ ಬಿಡಲು ಜಾಗ ಸಾಲದು ಎಂದು ಅಂಗಳಕ್ಕೆಲ್ಲ ಕಲ್ಲು ಹಾಸಿಸುವಾಗ, ಬಾಗಿಲ ಎದುರಿಗೇ ಇದ್ದ ಅರ್ತಿಂಗ್ ಗುಂಡಿ ಅಡ್ಡ ಬಂದಿತ್ತು. ಬೇಸಿಗೆಯಲ್ಲಿ ಅವ್ವ ಬಕೆಟ್ ನೀರು ಹೊಯ್ಯುತ್ತಿದ್ದ ಗುಂಡಿ. ಗಾರೆಯವನು ತಂತಿ ಕತ್ತರಿಸಿ ಅದನ್ನು ಮುಚ್ಚಿದ್ದ. ಅವತ್ತು ಹೊಸ ಕಲ್ಲಿನ ಮೇಲೆ ನಿಂತು ಚೆನ್ನಾಗಿದೆ ಎಂದವರಲ್ಲಿ ತಮ್ಮನೂ ಇದ್ದ. ಇಳಿಯಲು ದಾರಿಯಿಲ್ಲದ ಕರೆಂಟು ಆ ತಂತಿಯಲ್ಲೇ ಮನೆಯೆಲ್ಲ ಸುತ್ತಿ, ಕಂಪ್ಯೂಟರಿನ ತಗಡಿಗೆ, ನಲ್ಲಿಗೆ ಬಂದು ಕಾಯುತ್ತಿತ್ತು.

ಆ ವಾರ ನನಗೆ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ಹಲ್ಲಿನ ಸದ್ದು. ಎದ್ದು ಹೋಗಿ ಫ್ರಿಜ್ಜಿಗೆ, ಗ್ರೈಂಡರಿಗೆ ಟೆಸ್ಟರ್ ಇಟ್ಟು ನೋಡುತ್ತಿದ್ದೆ. ಕಾಲೇಜಿನಲ್ಲಿ ಪಾಠದ ನಡುವೆ ಎಂಬತ್ತೊಂದನೆಯ ಪುಟ ಬಂದಾಗ ಬೇರೆ ಪುಟ ತೆಗೆಯಲು ಹೇಳಿದೆ.

ಗುರುವಾರ ತಮ್ಮ ಹಾರೆ ತಂದು ಅಂಗಳದ ಕಲ್ಲು ಎಬ್ಬಿಸಿದ. ಬ್ಯಾಂಡೇಜ್ ಸುತ್ತಿದ ಕೈಯಲ್ಲೇ ಹೊಸ ಗುಂಡಿ ತೆಗೆದು ಇದ್ದಿಲು, ಉಪ್ಪು ತುಂಬುತ್ತಿದ್ದ. ನಾನು ನೀರು ಹೊಯ್ಯುತ್ತಿದ್ದೆ. ಅವ್ವ ಒಳಗಿದ್ದಾಗ ಹೇಳಿಬಿಟ್ಟೆ.

"ಅವತ್ತು ನಾನು ತಕ್ಷಣ ಓಡ್ಲಿಲ್ಲ ಕಣೋ. ಮೊದ್ಲು ಫೈಲ್ ಎಷ್ಟಾಗಿದೆ ಅಂತ ನೋಡ್ದೆ."

ಅವನು ಇದ್ದಿಲು ಸುರಿಯುವುದನ್ನು ನಿಲ್ಲಿಸಿದ. ನನ್ನ ಮುಖ ನೋಡಲಿಲ್ಲ.

"ಗೊತ್ತು. ನೀನ್ ಆ ಕಡೆ ತಿರುಗಿದ್ ಕಾಣ್ತಿತ್ತು ನಂಗೆ," ಎಂದ. "ಕೈ ಬುಡಾಕ್ ಆಯ್ತಿರ್ನಿಲ್ಲ, ಕಣ್ ಕಾಣ್ತಿತ್ತು." ನಂತರ ಒಂದು ಹಿಡಿ ಉಪ್ಪು ತೆಗೆದು ಒಳಗೆ ಹಾಕಿದ. "ಆಮೇಲ್ ಓಡುದ್ಯಲ್ಲ. ಉಯ್ಯಿ ನೀರ, ಬಿಸ್ಲು ಏರ್ತದೆ."

ಉಯ್ದೆ. ಮಣ್ಣು ನೀರನ್ನು ಸದ್ದು ಮಾಡುತ್ತಾ ಕುಡಿಯಿತು.

ಸಂಜೆ ಅವನೇ ಫ್ಯಾನ್ ಬಿಚ್ಚಿ ಮಸಿ ತೆಗೆದು ಕಂಪ್ಯೂಟರ್ ಹಾಕಿದ. ಒಂದು ಗಂಟೆಯ ರೆಕಾರ್ಡಿಂಗ್ ಎರಡು ನಿಮಿಷಕ್ಕೆ ಎಂಪಿತ್ರೀ ಆಯಿತು. ನಾನು ಅದನ್ನು ಬಾಗಿಲ ಬಳಿ ನಿಂತು ನೋಡಿದೆ. ಅವನು ಮದ್ದೂರಿಗೆ ಹೋಗದೆ ನಮ್ಮಲ್ಲೇ ಉಳಿದ, ಮುದ್ದೆ ಉಂಡು ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಗೊರಕೆ ಹೊಡೆದ. ಆ ಗೊರಕೆ ಎಲ್ಲಿಯೂ ನಿಲ್ಲದೆ ಸಾಗುವುದನ್ನು ಎಣಿಸುತ್ತಾ ಮಲಗಿದೆ. ಮತ್ತೆ ಕಣ್ಣು ಬಿಟ್ಟಾಗ ಶುಕ್ರವಾರ, ಬಿಸಿಲು ಮಂಚದ ಕಾಲಿಗೆ ಬಂದಿತ್ತು.