ತಾಯಪ್ಪನ ಕೋಳಿಪುಕ್ಕ

ನಮ್ಮ ಹೆಡ್ಮಾಸ್ತರರ ಬೀಳ್ಕೊಡುಗೆಯ ದಿನ ನನಗೊಂದು ಹಾಸ್ಯ ಭಾಷಣ ಗಂಟುಬಿದ್ದಿತ್ತು. ನಾನು ಶಹಾಪುರದ ಆ ಹೈಸ್ಕೂಲಿನ ಗುಮಾಸ್ತ. ಆಗೀಗ ನಗೆಬರಹ ಬರೆಯುತ್ತೇನೆಂಬ ಅಪವಾದವೂ ನನ್ನ ಮೇಲಿದೆ. ವೇದಿಕೆಯ ಕುರ್ಚಿಗಳು ಅತಿಥಿಗಳಿಗೇ ಸಾಲದ್ದರಿಂದ ನನ್ನನ್ನು ಜಮಖಾನೆಯ ಮೇಲೆ ಚಕ್ಕಳಮಕ್ಕಳ ಕೂಡಿಸಿದ್ದರು. ಅವರೆಲ್ಲ ಮಾತಾಡಿ ಮುಗಿಸಿ ನನ್ನ ಹೆಸರು ಕೂಗುವ ಹೊತ್ತಿಗೆ ನನ್ನ ಎಡಗಾಲು ಜೋಮು ಹಿಡಿದು, ಇದೆಯೋ ಇಲ್ಲವೋ ಎಂಬಂತಾಗಿತ್ತು. ಎದ್ದೆ. ಒಂದು ಹೆಜ್ಜೆ ಇಟ್ಟೆ. ಎರಡನೆಯದಕ್ಕೆ ಕಾಲು ಸಿಗಲಿಲ್ಲ. ಸೀದಾ ಹೋಗಿ ಮುಖ್ಯ ಅತಿಥಿಗಳ ಮುಂದಿದ್ದ ಹಣ್ಣಿನ ಬುಟ್ಟಿಯ ಮೇಲೆ ಬಿದ್ದೆ. ಇದು ಭಾಷಣದ ಭಾಗವೇ ಎಂದು ತಿಳಿದು ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆಮೇಲೆ ಮಾತಾಡಿದಾಗ ಅಷ್ಟು ನಗು ಬರಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ.

ನಗದೇ ಇದ್ದವನು ನನ್ನ ಹಳೆಯ ಗೆಳೆಯ ತಾಯಪ್ಪ ಒಬ್ಬನೇ. ಎದ್ದು ವೇದಿಕೆ ಹತ್ತಿದ, ನನ್ನ ಕಾಲ ಬಳಿ ಕುಕ್ಕರಗಾಲಲ್ಲಿ ಕೂತ, ಕಾಲಚೀಲ ಎಳೆದು ತೆಗೆದ. ಆ ಕಾಲಚೀಲದ ಹಿಮ್ಮಡಿಯಲ್ಲಿ ಒಂದು ತೂತಿತ್ತು. ಅದೂ ಎಲ್ಲರಿಗೂ ಕಂಡಿತು. ಆಮೇಲೆ ಅವನು ಜೇಬಿನಿಂದ ಒಂದು ಕೋಳಿಪುಕ್ಕ ತೆಗೆದ. ಸಭೆಯ ನಗು ಅಲ್ಲಿಗೆ ನಿಂತಿತು. ತಾಯಪ್ಪನ ಕೆಲಸ ಏನೆಂದು ಗೊತ್ತಿಲ್ಲದವರು ನಮ್ಮ ತಾಲ್ಲೂಕಿನಲ್ಲಿ ಕಡಿಮೆ. ಅವನು ಕುಷ್ಠರೋಗದ ಪ್ಯಾರಾಮೆಡಿಕಲ್ ವರ್ಕರ್. ನಮ್ಮ ಜನ ಆ ರೋಗದ ಹೆಸರೆತ್ತುವುದಿಲ್ಲ, ‘ದೊಡ್ಡ ಬ್ಯಾನಿ’ ಎನ್ನುತ್ತಾರೆ. ಮುಖ್ಯ ಅತಿಥಿಗಳು ಕುರ್ಚಿ ಸಮೇತ ಸ್ವಲ್ಪ ಹಿಂದೆ ಸರಿದರು. ಹಣ್ಣಿನ ಬುಟ್ಟಿಯನ್ನೂ ಎಳೆದುಕೊಂಡರು.

“ಕಣ್ಣು ಮುಚ್ರಿ ಸಾವ್ಕಾರ. ನಾ ಮುಟ್ಟಿದಾಗ ಗೊತ್ತಾದ್ರ ಹೂಂ ಅನ್ರಿ. ಗೊತ್ತಾಗ್ಲಿಲ್ಲಂದ್ರ ಇಲ್ಲ ಅನ್ರಿ.”

ಕಣ್ಣು ಮುಚ್ಚಿದೆ. ಪಾದದ ಮೇಲೆ ಏನೋ ಸವರಿದಂತಾಯಿತು. ಹೆದರಿಕೆಯಲ್ಲಿ “ಇಲ್ಲ!” ಅಂದೆ. ಬೆರಳ ಸಂದಿಯಲ್ಲಿ ಸವರಿತು. “ಇಲ್ಲ!” ಹಿಮ್ಮಡಿಯಲ್ಲಿ. “ಇಲ್ಲಪ್ಪೋ!”

“ಗೊತ್ತಾಗ್ಲಿಲ್ಲಂದ್ರ, ಇಲ್ಲ ಅಂತ ಯಾವಾಗ ಅನಬೇಕಂಬೋದು ಹ್ಯಾಂಗ ಗೊತ್ತಾತ್ರಿ?” ಎಂದ ತಾಯಪ್ಪ. “ನಿಮಗೇನೂ ಆಗಿಲ್ಲ. ಖರೇನ ಗೊತ್ತಾಗದವ ಸುಮ್ಮನ ಇರ್ತಾನ. ಕಾಲಚೀಲ ಹಾಕ್ಕೋರಿ, ಮುಗೀತು.”

ಹೇಳಿದವನು ಹೋಗಿ ತನ್ನ ಜಾಗದಲ್ಲಿ ಕೂತ. ಅವನ ಮುಖದಲ್ಲಿ ಸಮಾಧಾನವೂ ಇರಲಿಲ್ಲ, ತಮಾಷೆಯೂ ಇರಲಿಲ್ಲ. ಅವನ ಮುಖದಲ್ಲಿ ಏನಾದರೂ ಇದ್ದದ್ದನ್ನು ನಾನು ಕಂಡು ಬಹಳ ದಿನವಾಯಿತು.

ಗೋಗಿಯಿಂದ ಕಕ್ಕೇರಾದವರೆಗೆ ಅವನು ಆ ಪುಕ್ಕ ಹಿಡಿದು ಅಲೆಯದ ಹಳ್ಳಿಯಿಲ್ಲ. ಜನರ ಅಂಗಿ ಬಿಚ್ಚಿಸಿ, ಬಣ್ಣಗೆಟ್ಟ ಮಚ್ಚೆ ಇದೆಯೇ ನೋಡಿ, ಇದ್ದರೆ ಅದರ ಮೇಲೆ ಪುಕ್ಕ ಆಡಿಸುವುದು ಅವನ ಕೆಲಸ. ಮುಟ್ಟಿದ್ದು ಗೊತ್ತಾಗದಿದ್ದರೆ ಅದೇ ರೋಗದ ಗುರುತು. ಕಕ್ಕೇರಾದ ಹತ್ತಿರದ ಒಂದೂರಲ್ಲಿ ದೊಡ್ಡ ಮನೆಯ ಗೌಡರೊಬ್ಬರು ಕಟ್ಟೆಯ ಮೇಲೆ ಕೂತು, ಮೊದಲು ಇವನ ಊರು ಕೇಳಿ, ಆಮೇಲೆ ಕೇರಿ ಕೇಳಿ, “ಪುಕ್ಕಾ ಅಷ್ಟ ಮುಟ್ಟಸು. ಕೈ ಮುಟ್ಟಸಬ್ಯಾಡ” ಎಂದರಂತೆ.

“ಆಗ್ಲಿರಿ. ಇದು ಕೋಳೀದ್ರಿ” ಎಂದನಂತೆ ತಾಯಪ್ಪ.

ಗೌಡರು ಲಿಂಗ ಕಟ್ಟಿದವರು. ಕೋಳಿ ಮೇಲೋ ತಾಯಪ್ಪನ ಕೈ ಮೇಲೋ ಎಂದು ಒಂದು ಎಲೆಯಡಿಕೆ ಅಗಿದು ಮುಗಿಯುವತನಕ ಯೋಚಿಸಿದರಂತೆ. ಕಡೆಗೆ ಕೈಯನ್ನೇ ಆರಿಸಿದರು. ಇದನ್ನು ನಾನು ಹತ್ತಾರು ಕಡೆ ಹೇಳಿ ನಗಿಸಿದ್ದೇನೆ. ತಾಯಪ್ಪ ಒಮ್ಮೆಯೂ ನಕ್ಕಿಲ್ಲ. “ಅವರಿಗೆ ಏನೂ ಇದ್ದಿಲ್ಲ. ಬಿಸಿಲಿನ ಮಚ್ಚಿ” ಎನ್ನುತ್ತಾನೆ, ಕಥೆಯ ಮುಖ್ಯ ಭಾಗ ಅದೇ ಎಂಬಂತೆ.

ಈ ಕೆಲಸಕ್ಕೆ ಅವನು ಸೇರಿದ ಬಗೆಯನ್ನು ಹೇಳಬೇಕು. ಯಾಕೆಂದರೆ ನಾನೂ ಅದಕ್ಕೆ ಅರ್ಜಿ ಹಾಕಿದ್ದೆ.

ನಾವಿಬ್ಬರೂ ದೋರನಹಳ್ಳಿಯವರು, ಒಂದೇ ಕ್ಲಾಸು. ನಮ್ಮದು ಕಿರಾಣಿ ಅಂಗಡಿ, ಅದಕ್ಕೇ ಅವನು ನನ್ನನ್ನು ಅಂದಿನಿಂದ ಇಂದಿನವರೆಗೆ ‘ಸಾವ್ಕಾರ’ ಎಂದೇ ಕರೆಯುವುದು. ಅವನ ಕೇರಿ ಊರ ಅಂಚಿನಲ್ಲಿ. ಆಗ ಕಾಲುವೆಗೆ ನೀರು ಬಂದು ಒಂದೆರಡು ವರ್ಷವಾಗಿತ್ತು. ಜೋಳ ಬೆಳೆಯುತ್ತಿದ್ದ ಹೊಲಗಳೆಲ್ಲ ಗದ್ದೆಗಳಾಗಿದ್ದವು. ಊರೇ ನೀರು ಬಂತೆಂದು ಕುಣಿಯುವಾಗ ತಾಯಪ್ಪನ ತಾಯಿ ಸುಂದ್ರಮ್ಮ ಮಾತ್ರ ಬೆಳಗಿನಿಂದ ಸಂಜೆಯವರೆಗೆ ಆ ನೀರಿನಲ್ಲಿ ನಿಂತು ಮಂದಿಯ ಗದ್ದೆಗೆ ಸಸಿ ಹಚ್ಚುತ್ತಿದ್ದಳು. ಆಕೆಯ ಕಾಲ ಬೆರಳ ಸಂದುಗಳು ಬೆಂದುಹೋಗಿದ್ದವು.

ಆ ಬೇಸಿಗೆಯಲ್ಲಿ ಪತ್ರಿಕೆಯಲ್ಲೊಂದು ಪ್ರಕಟಣೆ ಬಂತು. ಕುಷ್ಠರೋಗದ ಪ್ಯಾರಾಮೆಡಿಕಲ್ ತರಬೇತಿಗೆ ಹುಡುಗರು ಬೇಕಾಗಿದ್ದಾರೆ. ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ಸೈಕಲ್ ಹೊಡೆಯಲು ಬರಬೇಕು, ಹಳ್ಳಿ ತಿರುಗಲು ತಯಾರಿರಬೇಕು, ಅಂಟುವ ರೋಗ ಯಾವುದೂ ಇಲ್ಲವೆಂದು ಡಾಕ್ಟರರು ಸಹಿ ಹಾಕಬೇಕು. ಎಸ್ಸೆಸ್ಸೆಲ್ಸಿ ಇಬ್ಬರದೂ ಆಗಿತ್ತು. ಅವನದು ಒಂದೇ ಏಟಿಗೆ, ನನ್ನದು ಗಣಿತಕ್ಕೆ ಕಂತು ಕಟ್ಟಿ ಕಟ್ಟಿ. ಆರೋಗ್ಯದ ಮಾತು ಯಾರ ತಲೆಗೂ ಬರಲಿಲ್ಲ. ಸೈಕಲ್ಲೇ ದೊಡ್ಡ ಗಂಡಾಂತರ, ಇಬ್ಬರಿಗೂ ಬರುತ್ತಿರಲಿಲ್ಲ.

ಅಮೀನುದ್ದೀನನ ಬಾಡಿಗೆ ಸೈಕಲ್ ತಂದು ಕಾಲುವೆ ದಂಡೆಯ ಮೇಲೆ ಕಲಿತೆವು. ಅಮೀನುದ್ದೀನ ಸೈಕಲ್ ಕೊಡುವಾಗ ಒಂದೇ ಮಾತು ಹೇಳುತ್ತಿದ್ದ: “ನೀರಾಗ ಬಿದ್ರ ಮೊದಲ ನನ್ನ ಸೈಕಲ್ ಎತ್ರಿ. ನೀವು ಹ್ಯಾಂಗರ ಬರ್ತೀರಿ.” ನಾನು ಆ ಕ್ರಮದಲ್ಲೇ ಬಹಳ ಸಲ ಎದ್ದು ಬಂದೆ. ತಾಯಪ್ಪ ಬೇಗ ಕಲಿತ. ದಣಿವಾದಾಗ ದಂಡೆಯ ಮೇಲೆ ಕೂತು ಆಚೆ ಗದ್ದೆಯಲ್ಲಿ ಬಗ್ಗಿದ ಹೆಂಗಸರ ಸಾಲನ್ನು ನೋಡುತ್ತಿದ್ದ.

“ಸೀಟು ಸಿಕ್ರ ಏನ್ ಮಾಡ್ತೀ?” ಎಂದು ಕೇಳಿದ್ದೆ. ನಾನಾದರೆ ಒಂದು ಕೈಗಡಿಯಾರ ಕೊಳ್ಳುವವನಿದ್ದೆ.

“ಅವ್ವನ ಕಾಲು ಒಣಗ್ತಾವ” ಎಂದ.

ಆಯ್ಕೆ ಯಾದಗಿರಿಯಲ್ಲಿ, ಒಂದು ದವಾಖಾನೆಯ ವರಾಂಡದಲ್ಲಿ. ಡಾಕ್ಟರರು ಮೈಸೂರು ಕಡೆಯವರು, ತೆಳ್ಳಗೆ, ದನಿಯೂ ತೆಳ್ಳಗೆ. ತಿಮ್ಮಣ್ಣ ಎಂಬ ಕ್ಲಾರ್ಕು ಹೆಸರು ಕೂಗುತ್ತಿದ್ದ. ಮೊದಲು ಅಂಗಳದಲ್ಲಿ ಸೈಕಲ್ ಪರೀಕ್ಷೆ. ನಾನು ಏರಿದೆ, ಬೇವಿನ ಮರ ಕಂಡಿತು, ಮರ ತಪ್ಪಿಸಿದೆ. ಮರದ ಹಿಂದೆ ನಿಂತದ್ದು ಡಾಕ್ಟರರ ಸ್ಕೂಟರು. ಅವರು ಬಂದು ಮೊದಲು ಸ್ಕೂಟರನ್ನೂ ಆಮೇಲೆ ನನ್ನನ್ನೂ ನೋಡಿ, “ನೀನು ನಮ್ಮ ಪೇಷಂಟ್ ಆಗೋಕೆ ಲಾಯಕ್ಕಪ್ಪ, ವರ್ಕರ್ ಆಗೋದು ಬೇಡ” ಎಂದರು. ಸ್ಕೂಟರಿನ ಸೊಟ್ಟಗಾದ ಕನ್ನಡಿ ನೆಟ್ಟಗೆ ಮಾಡಿ ಕೊಡುವುದು ನನ್ನ ಪಾಲಿಗೆ ಬಂತು. ತಾಯಪ್ಪ ಅಂಗಳವನ್ನು ಸುತ್ತಿ ಬಂದು, ಇಳಿದು, ಸೈಕಲ್ಲನ್ನು ಸ್ಟ್ಯಾಂಡು ಹಾಕಿ ನಿಲ್ಲಿಸಿದ. ತಿಮ್ಮಣ್ಣನೇ “ಬರೋಬ್ಬರಿ ಹೊಡೀತಾನ್ರಿ ಹುಡುಗ” ಎಂದ.

ಆಮೇಲೆ ಆರೋಗ್ಯ ತಪಾಸಣೆ. “ನೀವು ಮುಂದೆ ಮಾಡೋ ಕೆಲಸ ಏನು ಅಂತ ಇವನ ಮೇಲೇ ತೋರಿಸ್ತೀನಿ, ನೋಡ್ಕೊಳ್ಳಿ” ಎಂದು ಡಾಕ್ಟರರು ತಾಯಪ್ಪನ ಅಂಗಿ ಬಿಚ್ಚಿಸಿ, ಕಣ್ಣು ಮುಚ್ಚಿಸಿ, ಬೆನ್ನು ನಮ್ಮ ಕಡೆ ಮಾಡಿ ನಿಲ್ಲಿಸಿದರು. ಮುಟ್ಟಿದಾಗ ಹೂಂ ಅನ್ನಬೇಕು. ಪುಕ್ಕ ಕತ್ತಿಗೆ ತಾಕಿತು. “ಹೂಂ.” ತೋಳಿಗೆ. “ಹೂಂ.” ಸೊಂಟಕ್ಕೆ. “ಹೂಂ ರೀ.” ಎಡ ಹೆಗಲಿನ ಕೆಳಗೆ ಬಂದಾಗ ದನಿ ಬರಲಿಲ್ಲ. ಡಾಕ್ಟರರು ಹತ್ತಿರ ಬಗ್ಗಿದರು. ಅಲ್ಲಿ ಚರ್ಮ ಸ್ವಲ್ಪ ತೆಳುವಾಗಿ, ನೀರು ಬೆರೆಸಿದ ಚಹದ ಬಣ್ಣಕ್ಕಿತ್ತು. ತನ್ನ ಬೆನ್ನನ್ನು ತಾನೇ ಯಾರು ನೋಡಿಕೊಂಡಾರು? ಅವರು ಮತ್ತೆ ಮುಟ್ಟಿಸಿದರು. ಮೇಲಿಂದ ಕೆಳಕ್ಕೆ ಎಳೆದರು. ಸುತ್ತ ಆಡಿಸಿದರು. ತಾಯಪ್ಪ ಕಣ್ಣು ಮುಚ್ಚಿ, ಗದ್ದ ಎತ್ತಿ, ತಯಾರಾಗಿ ನಿಂತೇ ಇದ್ದ.

“ಯಾಕಪ್ಪ ಸುಮ್ಮನಾದೆ?”

“ನೀವಿನ್ನೂ ಮುಟ್ಟಿಲ್ಲಲ್ರಿ ಸರ.”

ಎಲ್ಲರೂ ನಕ್ಕರು. ನನ್ನ ನಗು ಸ್ಕೂಟರಿನ ಬಳಿಯಿಂದಲೂ ಕೇಳುವಷ್ಟಿತ್ತು. ಪುಕ್ಕ ಮಾತ್ರ ಇನ್ನೂ ಅವನ ಬೆನ್ನ ಮೇಲೇ ಇತ್ತು. ಅದನ್ನು ಕಂಡವರು ಕಂಡ ಹಾಗೆ ನಗು ನಿಲ್ಲಿಸುತ್ತ ಹೋದರು. ಕಡೆಗೆ ನಿಲ್ಲಿಸಿದವನು ನಾನು.

ತಿಮ್ಮಣ್ಣ ಅವನ ಹೆಸರಿನ ಮೇಲೆ ಗೆರೆ ಎಳೆದು ಮುಂದಿನವನನ್ನು ಕೂಗಿದ. ಡಾಕ್ಟರರು ಬೇರೆ ಚೀಟಿಯಲ್ಲಿ ಗುಳಿಗೆ ಬರೆದು ಮೇಜಿನ ಅಂಚಿಗಿಟ್ಟರು. ಕೆಲಸ ಮುಂದುವರಿಯಿತು. ಕಂಬದ ಬಳಿ ತಾಯಪ್ಪ ಅಂಗಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಹೋಗಿಬರುವವರು ಆ ಕಂಬವನ್ನು ಸ್ವಲ್ಪ ದೂರದಿಂದ ಸುತ್ತಿಕೊಂಡು ಹೋಗುತ್ತಿದ್ದರು. ನಾನು ಕನ್ನಡಿ ಮುಗಿಸಿ ಬರುವ ಹೊತ್ತಿಗೆ ವರಾಂಡ ಖಾಲಿಯಾಗಿತ್ತು. ಅವನು ಹಾಗೆಯೇ ಇದ್ದ.

“ಅಂಗಿ ಯಾಕ ಹಾಕ್ಕೊಂಡಿಲ್ಲಲೇ?”

“ಮುಗೀತು ಅಂತ ಯಾರೂ ಹೇಳ್ಲಿಲ್ಲ.”

ಬಸ್ಸಿನಲ್ಲಿ ಕೇಳಿದ. “ಎಲ್ಲಿ ಅದರಿ ಅದು?”

ಅಂಗಿಯ ಮೇಲಿಂದಲೇ ಬೆರಳಿಟ್ಟು, “ಇಲ್ಲಿ” ಎಂದೆ.

“ಎಲ್ಲಿ?”

“ಇಲ್ಲೇ. ಮುಟ್ಟೀನಲ್ಲ.”

“ಹೌದ?” ಎಂದು ಕಿಟಕಿಯ ಕಡೆ ತಿರುಗಿದ.

ಮನೆಯಲ್ಲಿ ಅವನು ಸೈಕಲ್ ಪರೀಕ್ಷೆಯಲ್ಲಿ ಫೇಲಾದೆನೆಂದು ಹೇಳಿದ. ಫೇಲಾದದ್ದು ನಾನು. ಅದನ್ನು ಎರವಲು ಪಡೆದುಕೊಂಡ. ನಿಜ ಹೊರಬಿದ್ದರೆ ಸುಂದ್ರಮ್ಮನನ್ನು ಸಸಿ ಹಚ್ಚಲು ಯಾರೂ ಕರೆಯುತ್ತಿರಲಿಲ್ಲ.

“ದಂಡಿ ಮ್ಯಾಲ ನೆಟ್ಟಗ ಹೊಡೀತಿದ್ದೆಲ್ಲೋ” ಎಂದಳು ಆಕೆ, ಬಾಗಿಲಲ್ಲಿ ಕೂತು ಕಾಲಿಗೆ ಎಣ್ಣೆ ಸವರಿಕೊಳ್ಳುತ್ತ.

“ಅದು ದಂಡಿ, ಅವ್ವ. ಇದು ಯಾದಗಿರಿ.”

“ಸಾವ್ಕಾರರ ಹುಡುಗ?”

“ಅವನೂ ಫೇಲು.”

“ಹಂಗಾರ ಬಿಡು. ಕಾಸಿದ್ದವರ ಮಗಾನೂ ಫೇಲಂದ್ರ ಪರೀಕ್ಷಾನ ಬಿರಸ ಇದ್ದೀತು” ಎಂದಳು. ನನ್ನಿಂದ ಆ ಮನೆಗೆ ಆದ ಉಪಕಾರ ಅದೊಂದೇ.

ಆಗ ಹೊಸ ಗುಳಿಗೆಗಳು ಬಂದಿದ್ದವು, ಆರು ತಿಂಗಳ ಔಷಧಿ. ತಿಂಗಳಿಗೊಮ್ಮೆ ಶಹಾಪುರಕ್ಕೆ ಹೋಗಿ ದವಾಖಾನೆಯವರ ಕಣ್ಣೆದುರು ನುಂಗಬೇಕು. ನುಂಗಿದ ದಿನ ಮೂತ್ರ ಕೆಂಪಗೆ ಹೋಗುತ್ತದೆ, ಕಂಡವರು ಕೇಳುತ್ತಾರೆಂದು ಅವನು ಅಂದು ಕಾಲುವೆಯಾಚೆಯ ಜಾಲಿಯ ಮರೆಗೇ ಹೋಗುತ್ತಿದ್ದ. ಉಳಿದ ದಿನ ಗೊಬ್ಬರ ಹೊತ್ತ, ಗದ್ದೆಗೆ ನೀರು ಬಿಟ್ಟ. ಬೇಸರವೇನೂ ಹೇಳಲಿಲ್ಲ. ತಿಂಗಳಿಗೊಮ್ಮೆ ನಮ್ಮ ಅಂಗಡಿಯ ಹಿಂದೆ ಬಂದು ಅಂಗಿ ಎತ್ತಿ, “ನೋಡ್ರಿ ಸಾವ್ಕಾರ” ಎನ್ನುತ್ತಿದ್ದ. ನಾನು ಜೀರಿಗೆ ಪೊಟ್ಟಣ ಬಿಟ್ಟು ನೋಡುತ್ತಿದ್ದೆ. ಬಣ್ಣ ನಿಧಾನವಾಗಿ ತಿರುಗಿತು. ಬೆರಳಿಟ್ಟರೆ ಮಾತ್ರ ಮೊದಲಿನ ಹಾಗೆಯೇ, ಇಟ್ಟೆನೆಂದು ನಾನೇ ಹೇಳಬೇಕಿತ್ತು.

ಮರುವರ್ಷ ಮತ್ತೆ ಪ್ರಕಟಣೆ ಬಂತು. ಅಷ್ಟರಲ್ಲಿ ನನಗೆ ಸೈಕಲ್ ಬೇಡದ ಈ ಗುಮಾಸ್ತಿಕೆ ಸಿಕ್ಕಿತ್ತು. ರಜೆ ಹಾಕಿ ಅವನ ಜೊತೆ ಹೋದೆ. ಬಸ್ಸಿನಲ್ಲಿ ಒಂದು ಉಪಾಯ ಹೇಳಿಕೊಟ್ಟೆ. “ಅವರು ಪುಕ್ಕ ಇಟ್ಟಾಗೊಮ್ಮೆ ನಾ ಕೆಮ್ಮತೀನಿ. ನೀ ಹೂಂ ಅಂದುಬಿಡು.” ಅವನು ಆಗಲಿ ಅನ್ನಲಿಲ್ಲ, ಬೇಡವೂ ಅನ್ನಲಿಲ್ಲ. ಅವನ ಸ್ವಭಾವ ತಿಳಿದ ನಾನು ಅದನ್ನು ಒಪ್ಪಿಗೆ ಎಂದುಕೊಂಡೆ.

ಅದೇ ವರಾಂಡ, ಅದೇ ಡಾಕ್ಟರರು. ಸ್ಕೂಟರು ಈ ಸಲ ದೂರ ನಿಂತಿತ್ತು. ತಿಮ್ಮಣ್ಣ ಹೆಸರು ಓದಿ ತಲೆ ಎತ್ತಿದ. “ಸರ್, ಇವ ಹೋದ ವರ್ಷದವ.”

ಡಾಕ್ಟರರು ಅಂಗಿ ಬಿಚ್ಚಿಸಿ, ಕಣ್ಣು ಮುಚ್ಚಿಸಿ, ನೇರ ಎಡ ಹೆಗಲಿನ ಕೆಳಗೇ ಪುಕ್ಕ ಇಟ್ಟರು. ಕೆಮ್ಮಿದೆ. ತಾಯಪ್ಪ ಸುಮ್ಮನಿದ್ದ. ಕೇಳಿಸಲಿಲ್ಲವೇನೋ ಎಂದು ಜೋರಾಗಿ ಕೆಮ್ಮಿದೆ. ಸುಮ್ಮನಿದ್ದ. ಮೂರನೆಯ ಸಲ ಎಷ್ಟು ಮನಸ್ಸಿಟ್ಟು ಕೆಮ್ಮಿದೆನೆಂದರೆ ನಿಜವಾದ ಕೆಮ್ಮೇ ಹತ್ತಿಕೊಂಡು ಕಣ್ಣಲ್ಲಿ ನೀರು ಬಂತು.

“ತಿಮ್ಮಣ್ಣ, ಅವನನ್ನ ಹೊರಗೆ ಕೂರಿಸಿ. ಕಫ ಪರೀಕ್ಷೆಗೆ ಬರೆದುಕೊಳ್ಳಿ” ಎಂದರು ಡಾಕ್ಟರರು. ನಾನು ವರಾಂಡದ ಮೆಟ್ಟಿಲಲ್ಲಿ ಕೂತೆ, ಅಲ್ಲಿಗೆ ಎಲ್ಲ ಕಾಣುತ್ತಿತ್ತು, ಕೇಳುತ್ತಿತ್ತು.

“ಗೊತ್ತಾಗಲ್ಲ, ಅಲ್ವೇನಪ್ಪ?” ಎಂದು ತಾಯಪ್ಪನನ್ನು ಕೇಳಿದರು.

“ಇಲ್ರಿ. ಅಲ್ಲಿಂದು ಹೋದದ್ದು ಹೋತ್ರಿ.”

“ಗುಳಿಗೆ?”

“ಎಲ್ಲಾ ನುಂಗೀನ್ರಿ.”

ತಿಮ್ಮಣ್ಣ ಪೆನ್ನಿನ ಹಿಂಬದಿಯಿಂದ ಕಿವಿ ಕೆರೆದುಕೊಂಡ. “ಗೊತ್ತಾಗಂಗಿಲ್ಲ ಅಂದ ಮ್ಯಾಲ ಬ್ಯಾನಿ ಅದ ಅಂತನ ಅಲ್ರಿ ಸರ್? ನಾಳೆ ಮ್ಯಾಲಿನವರು ಕೇಳಿದ್ರ ನಾ ಏನ್ ಹೇಳ್ಲಿ? ಬ್ಯಾನಿಯವನ್ನ ಹಿಡಿದು ಬ್ಯಾನಿ ಹುಡುಕಾಕ ಕಳಿಸ್ಯಾರ ಅಂತಾರ.”

“ಔಷಧಿ ಮುಗಿಸಿದ ಮೇಲೆ ರೋಗ ಮುಗೀತು ತಿಮ್ಮಣ್ಣ. ಇದು ಅದು ಕೂತಿದ್ದ ಜಾಗ, ಅಷ್ಟೆ. ರೋಗ ಇರಬಾರದು ಅಂತಿದೆ ನಿಯಮ. ಜಾಗ ಇರಬಾರದು ಅಂತ ಎಲ್ಲಿದೆ, ತೋರಿಸಿ.”

ತಿಮ್ಮಣ್ಣ ನಿಜಕ್ಕೂ ಹುಡುಕಿದ. ಸಿಗಲಿಲ್ಲ. ಡಾಕ್ಟರರು ಪೆನ್ನಿನ ಟೊಪ್ಪಿಗೆ ತೆಗೆದು ಕಾಗದ ಎಳೆದುಕೊಂಡರು. ಸಹಿಯ ಜಾಗದ ಮೇಲೆ ಪೆನ್ನು ಹಾಗೇ ನಿಂತಿತು. ತಾಯಪ್ಪ ಇನ್ನೂ ಬೆನ್ನು ಮಾಡಿಯೇ ನಿಂತಿದ್ದ, ಅಂಗಿ ಕೈಯಲ್ಲೇ ಇತ್ತು, ಕಣ್ಣೂ ತೆರೆದಿರಲಿಲ್ಲ.

“ಒಂದು ಮಾತು ಹೇಳು” ಎಂದರು ಡಾಕ್ಟರರು. “ನಾಳೆ ನಿನ್ನ ಮುಂದೆ ಒಬ್ಬ ಹೀಗೇ ಕಣ್ಣು ಮುಚ್ಚಿ ನಿಂತಿರ್ತಾನೆ. ನೀನು ಮುಟ್ಟುತ್ತಾ ಇರ್ತೀಯ, ಅವನು ಸುಮ್ಮನೆ ನಿಂತಿರ್ತಾನೆ. ಅವನಿಗೆ ಮೊದಲು ಏನು ಹೇಳ್ತೀಯ?”

“ಅಂಗಿ ಹಾಕ್ಕೋರಿ ಅಂತೀನ್ರಿ.”