ಐದೂಕಾಲರ ಬಸ್ಸು

ಆ ದಿನಗಳಲ್ಲಿ ನಮ್ಮೂರಿನವರು ಯಾರೂ ಯಾವ ಸಿನಿಮಾವನ್ನೂ ಪೂರ್ತಿ ನೋಡಿದವರಲ್ಲ. ಕೇಳಿದವರು ನಗುತ್ತಾರೆ, ಆದರೆ ಇದು ನಿಜ. ಕಾರವಾರದಲ್ಲಿ ಓಡಿ ಮುಗಿದ ಸಿನಿಮಾ ಎರಡು ಮೂರು ತಿಂಗಳಿಗೆ ಅಂಕೋಲೆಯ ಥೇಟರಿಗೆ ಬರುತ್ತಿತ್ತು. ಮ್ಯಾಟಿನಿ ಶುರುವಾಗುತ್ತಿದ್ದದ್ದು ಎರಡೂವರೆಗೆ, ಮುಗಿಯುತ್ತಿದ್ದದ್ದು ಐದು ಗಂಟೆ ಹತ್ತು ನಿಮಿಷಕ್ಕೆ. ರಾಮನಗುಳಿ ಕಡೆಯ ಕೊನೆಯ ಬಸ್ಸು ಹೊರಡುತ್ತಿದ್ದದ್ದು ಐದೂಕಾಲಿಗೆ, ಅದೂ ಹತ್ತು ನಿಮಿಷ ನಡೆದರೆ ಸಿಗುವ ಬಸ್‌ಸ್ಟ್ಯಾಂಡಿನಿಂದ. ಅದು ತಪ್ಪಿದರೆ ಮನೆ ಸೇರುವ ಬೇರೆ ಉಪಾಯವಿರಲಿಲ್ಲ. ಹಾಗಾಗಿ ಐದು ಗಂಟೆಗೆ ಸರಿಯಾಗಿ, ತೆರೆಯ ಮೇಲೆ ಯಾರು ಸಾಯಲಿ ಯಾರು ಬದುಕಲಿ, ನಮ್ಮ ಕಡೆಯವರೆಲ್ಲ ಸೆರಗು ಕೊಡವಿಕೊಂಡು ಎದ್ದುಬಿಡುತ್ತಿದ್ದರು. ಹಿಂದಿನ ಸಾಲಿನ ಪೇಟೆಯವರು ನಮ್ಮನ್ನು ಬೈಯುತ್ತಿದ್ದರು. ನಾವು ಕತ್ತು ಹಿಂದಕ್ಕೆ ತಿರುಗಿಸಿಕೊಂಡೇ ಬಾಗಿಲ ಕಡೆ ನಡೆಯುತ್ತಿದ್ದೆವು.

ಸಿನಿಮಾದ ಕೊನೆ ತೀರ್ಮಾನವಾಗುತ್ತಿದ್ದದ್ದು ಬಸ್ಸಿನಲ್ಲಿ. ಒಣಮೀನಿನ ಬುಟ್ಟಿ, ಯಾರದೋ ಚೀಲದೊಳಗಿನ ಇಶಾಡ ಮಾವಿನಹಣ್ಣು, ಡೀಸೆಲ್ ಹೊಗೆ, ಎಲ್ಲದರ ವಾಸನೆ ಸೇರಿದ ಆ ಬಸ್ಸಿನಲ್ಲಿ ಮೊದಲು ಬಾಯಿ ತೆಗೆಯುತ್ತಿದ್ದವಳು ನಮ್ಮ ನೆರೆಮನೆಯ ನಾಗವೇಣಕ್ಕ. ಹೀರೋಯಿನ್ನಿನ ಸೀರೆಯಿಂದ ಹಿಡಿದು ಖಳನಾಯಕನ ಮೀಸೆಯವರೆಗೆ ಅವಳ ಅಭಿಪ್ರಾಯಕ್ಕೆ ಸಿಗದ ವಸ್ತುವೇ ಇರಲಿಲ್ಲ. ಫೈಟು ಜಾಸ್ತಿಯಾಯಿತು, ಹಾಡುಗಳು ಅಷ್ಟಕ್ಕಷ್ಟೇ, ತಾಯಿ ಪಾತ್ರದವಳು ಚಲೋ ಅತ್ತಳು ಎಂದು ಶುರುವಾಗಿ, ಹೆದ್ದಾರಿ ಬಿಟ್ಟು ಬಸ್ಸು ಒಳಗೆ ತಿರುಗುವಷ್ಟರಲ್ಲಿ ಚರ್ಚೆ ಕೊನೆಗೆ ಏನಾಗಿರಬೇಕು ಎಂಬಲ್ಲಿಗೆ ಬರುತ್ತಿತ್ತು. ಕಂಡಕ್ಟರನೂ ಟಿಕೆಟ್ ಹರಿಯುತ್ತ ತನ್ನದೊಂದು ಮಾತು ಸೇರಿಸುತ್ತಿದ್ದ. ನಮ್ಮ ಸ್ಟಾಪು ಬರುವಷ್ಟರಲ್ಲಿ ಒಂದು ಕೊನೆ ಗಟ್ಟಿಯಾಗುತ್ತಿತ್ತು. ಮರುದಿನದಿಂದ ಊರಿಗೆಲ್ಲ ಅದೇ ಆ ಸಿನಿಮಾದ ಕತೆ. ಒಮ್ಮೆ ಪೇಟೆಯಿಂದ ಬಂದ ನೆಂಟನೊಬ್ಬ ನಿಜವಾದ ಕೊನೆ ಹಾಗಿಲ್ಲವೆಂದಾಗ, ನಮ್ಮದೇ ಚಲೋ ಇತ್ತು ಎಂದು ಎಲ್ಲರೂ ಸೇರಿ ಅವನ ಬಾಯಿ ಮುಚ್ಚಿಸಿದ್ದರು.

ನನಗಾಗ ಹನ್ನೊಂದು ವರ್ಷ. ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಬೇಸಿಗೆ ರಜೆಯಲ್ಲಿ ಗೇರುಬೀಜ ಸಾಲಾಗಿಟ್ಟು ಹೊಡೆಯುವ ಆಟ, ಕೈಗೆಲ್ಲ ಗೇರುಹಣ್ಣಿನ ಕರೆ, ಅದನ್ನು ಕಂಡು ಆಯಿಯ, ಅಂದರೆ ನನ್ನ ಅಮ್ಮನ, ಬೈಗುಳ. ಆ ರಜೆಯ ಶುರುವಿನಲ್ಲೇ ಅಪ್ಪನ ತಂಗಿ ಸುಲೋಚನತ್ತೆ ಕಾರವಾರದ ಗಂಡನ ಮನೆಯಿಂದ ಒಂದು ಕೈಚೀಲ ಹಿಡಿದು ಬಂದಳು. ಅತ್ತೆಗೆ ಸಿನಿಮಾದ ಹುಚ್ಚು. ಮದುವೆಯಾಗಿ ಕಾರವಾರಕ್ಕೆ ಹೋದಾಗ ನಾವೆಲ್ಲ ಹೊಟ್ಟೆಕಿಚ್ಚು ಪಟ್ಟಿದ್ದೆವು, ಯಾಕೆಂದರೆ ಥೇಟರು ಅವಳ ಮನೆಯಿಂದ ಹತ್ತು ನಿಮಿಷದ ದಾರಿ. ನಮ್ಮ ಮನೆಯಲ್ಲಿ ಸಿನಿಮಾವನ್ನು ಕೊನೆತನಕ ನೋಡುವ ಭಾಗ್ಯವಿದ್ದವಳು ಅವಳೊಬ್ಬಳೇ.

ಆ ಭಾಗ್ಯವೇ ಮುಳುವಾಯಿತು. ಒಂದು ಮಧ್ಯಾಹ್ನ ಅವಳು ಯಾರಿಗೂ ಹೇಳದೆ ಒಬ್ಬಳೇ ಮ್ಯಾಟಿನಿಗೆ ಹೋಗಿ ಬಂದಿದ್ದಳಂತೆ. ತಿರುಗಿ ಬರುವಷ್ಟರಲ್ಲಿ ಅವಳ ಗಂಡ, ನಮ್ಮ ಮಾವ, ಗೇಟಿನಲ್ಲಿ ನಿಂತಿದ್ದನಂತೆ. ಹೊಡೆಯಲಿಲ್ಲ, ಬೈಯಲಿಲ್ಲ. ಮರುದಿನ ಕೆಲಸಕ್ಕೆ ಹೊರಡುವಾಗ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿಕೊಂಡು ಹೋದ. ಅದರ ಮರುದಿನವೂ ಅಷ್ಟೇ. ಎರಡು ತಿಂಗಳು ಹೀಗೇ ನಡೆದ ಮೇಲೆ, ಒಂದು ದಿನ ಊಟಕ್ಕೆ ಬಂದ ಮಾವ ಹಿತ್ತಲಿಗೆ ಕೈ ತೊಳೆಯಲು ಹೋದಾಗ ಅತ್ತೆ ತೆರೆದ ಬಾಗಿಲಿನಿಂದ ಹೊರಬಿದ್ದು ಬಸ್ಸು ಹತ್ತಿದ್ದಳು. ಇದನ್ನೆಲ್ಲ ದೊಡ್ಡವರು ಅಡುಗೆಮನೆಯಲ್ಲಿ ಪಿಸುಗುಟ್ಟುವಾಗ ನಾನು ಕೇಳಿಸಿಕೊಂಡೆ.

ನಮ್ಮ ಮನೆಯಲ್ಲಿ ಬೀಗವೇನೂ ಇರಲಿಲ್ಲ. ಆದರೆ ಅತ್ತೆ ಜಗಲಿಗೆ ಬಂದು ಕೂತರೆ ಅಜ್ಜಿ ಮೆಲ್ಲಗೆ ಒಳಗೆ ಕರೆಯುತ್ತಿದ್ದಳು. ದಾರಿಯಲ್ಲಿ ಹೋಗುವವರು ಯಾವಾಗ ಬಂದೆ, ಯಾವಾಗ ಹೋಗುತ್ತೀ ಎಂದು ಕೇಳಿದರೆ ಏನು ಹೇಳುವುದು ಎಂಬುದು ಅಜ್ಜಿಯ ಚಿಂತೆ. ಬಾವಿಗೆ ಹೋಗುವುದು ಬೇಡ, ನೀರು ಆಯಿ ತರುತ್ತಾಳೆ. ಸಿನಿಮಾದ ಮಾತಂತೂ ಎತ್ತುವ ಹಾಗೇ ಇರಲಿಲ್ಲ. ಉಪ್ಪಿನಕಾಯಿ ಭರಣಿಗಳೂ ಒಣಗಿದ ಮುರುಗಲ ಸಿಪ್ಪೆಯ ಚೀಲವೂ ಇದ್ದ ಒಳಕೋಣೆಯಲ್ಲಿ, ಕೊಟ್ಟಿಗೆಯ ಕಡೆಗಿದ್ದ ಒಂದೇ ಕಿಟಕಿಯ ಹತ್ತಿರ ಅತ್ತೆ ದಿನವಿಡೀ ಕೂತಿರುತ್ತಿದ್ದಳು. ನಾನು ಮಲಗುತ್ತಿದ್ದದ್ದೂ ಅದೇ ಕೋಣೆಯಲ್ಲಿ. ಮುರುಗಲಿನ ಹುಳಿ ವಾಸನೆಯಲ್ಲಿ, ಗಾಳಿಯಿಲ್ಲದ ಆ ಸೆಕೆಯಲ್ಲಿ ನನಗೆ ಉಸಿರು ಕಟ್ಟಿದ ಹಾಗಾಗುತ್ತಿತ್ತು. ನಾನಾದರೆ ಬೆಳಗಾದ ಕೂಡಲೇ ಓಡಿಹೋಗಬಹುದಿತ್ತು.

ಅವಳಿಗೆ ನನ್ನಿಂದ ಆಗುತ್ತಿದ್ದ ಉಪಕಾರವೆಂದರೆ ಸಿನಿಮಾ ಕತೆ. ನಾಗವೇಣಕ್ಕನ ಜೊತೆ ನೋಡಿ ಬಂದದ್ದನ್ನು ಸಂಜೆ ಕೂತು ಹೇಳುತ್ತಿದ್ದೆ. ಹಾಡು ಹಾಡಿ, ಫೈಟು ಮಾಡಿ ತೋರಿಸುತ್ತಿದ್ದೆ. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಕೊನೆಗೆ ಬಸ್ಸಿನವರ ಅಭಿಪ್ರಾಯವೇನು ಎಂದು ತಪ್ಪದೆ ಕೇಳುತ್ತಿದ್ದಳು.

ಮೇ ತಿಂಗಳ ನಡುವೆ ಮಾವನ ಕಡೆಯ ಹಿರಿಯರೊಬ್ಬರು ಬಂದು, ಬರುವ ಭಾನುವಾರದೊಳಗೆ ತಂದು ಬಿಡಿ, ಇಲ್ಲವಾದರೆ ನಿಮ್ಮಲ್ಲೇ ಇಟ್ಟುಕೊಳ್ಳಿ ಎಂದು ಹೇಳಿ ಚಾ ಕುಡಿದು ಹೋದರು. ಅಪ್ಪ ಕದ್ರಾದ ವಿದ್ಯುತ್ ಕೇಂದ್ರದಲ್ಲಿ ಕೆಲಸದಲ್ಲಿದ್ದ. ವಾರಕ್ಕೊಮ್ಮೆ ಬೈಕಿನಲ್ಲಿ ಮನೆಗೆ ಬರುತ್ತಿದ್ದ. ಸುದ್ದಿ ಕೇಳಿ ಅತ್ತೆಯ ಕೋಣೆಯ ಬಾಗಿಲಲ್ಲಿ ನಿಂತು ಅವನು ಹೇಳಿದ್ದು ನನಗೆ ಇನ್ನೂ ನೆನಪಿದೆ.

"ನೀ ಹೋಗೂದಿಲ್ಲ ಅಂದ್ರೆ ನಾ ಕಳ್ಸೂದಿಲ್ಲ. ಆದ್ರೆ ಅದನ್ನ ನೀನೇ ಬಾಯ್ಬಿಟ್ಟು ಹೇಳ್ಬೇಕು."

ಅಪ್ಪ ಕೆಟ್ಟವನಲ್ಲ. ಆದರೆ ಬಾಯಿಬಿಟ್ಟು ಹೇಳುವುದು ಎಷ್ಟು ಕಷ್ಟವೆಂದು ಅವನಿಗೆ ತಿಳಿದಿರಲಿಲ್ಲ. ಅಜ್ಜಿ ಅವನ ಬೆನ್ನ ಹಿಂದೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಅಡುಗೆಮನೆಯಲ್ಲಿ ಆಯಿ ಪಾತ್ರೆಗಳನ್ನು ಬೇಕಿದ್ದಕ್ಕಿಂತ ಜೋರಾಗಿ ಇಡುತ್ತಿದ್ದಳು. ಅತ್ತೆ ಹೇಳ್ತೆ ಎಂದಳು, ಅಷ್ಟೇ.

ಭಾನುವಾರದ ಹಿಂದಿನ ದಿನ, ಶನಿವಾರ, ನಾಗವೇಣಕ್ಕ ನನ್ನನ್ನು ಮ್ಯಾಟಿನಿಗೆ ಕರೆದುಕೊಂಡು ಹೋದಳು. ಆ ಸಿನಿಮಾದ ಹೆಂಡತಿ ತನ್ನ ಸೊಕ್ಕಿನ ಗಂಡನನ್ನು ಬಿಟ್ಟು ಟ್ರಂಕು ಹಿಡಿದು ಮನೆಯಿಂದ ಹೊರಬೀಳುತ್ತಾಳೆ. ಬಸ್‌ಸ್ಟ್ಯಾಂಡಿನಲ್ಲಿ ಕೂತಿರುವಾಗ ಗಂಡ ಹುಡುಕಿಕೊಂಡು ಬಂದು, ಜನರೆದುರೇ ಕೈಮುಗಿದು, ಬಾ ಮನೆಗೆ ಹೋಗೋಣ ಎನ್ನುತ್ತಾನೆ. ಅವಳು ತಲೆಯೆತ್ತಿ ಅವನನ್ನು ನೋಡುತ್ತಾಳೆ. ಸರಿಯಾಗಿ ಅಲ್ಲಿಗೆ ನಾಗವೇಣಕ್ಕ ನನ್ನ ರಟ್ಟೆ ಹಿಡಿದು ಎಬ್ಬಿಸಿದಳು. ಗಂಟೆ ಐದಾಗಿತ್ತು.

ಬಸ್ಸಿನಲ್ಲಿ ಆವತ್ತು ಹೆಚ್ಚು ಚರ್ಚೆಯೇ ಆಗಲಿಲ್ಲ. ಗಂಡಸು ಅಷ್ಟು ಜನರೆದುರು ಕೈಮುಗಿದ ಮೇಲೆ ಅವಳು ಹೋಗದೆ ಏನು ಮಾಡುತ್ತಾಳೆ ಎಂದಳು ನಾಗವೇಣಕ್ಕ. ಹೋಗಿಯೇ ಇರುತ್ತಾಳೆ, ಕೊನೆಗೆ ಒಂದು ಮಗುವನ್ನೂ ತೋರಿಸಿರುತ್ತಾರೆ ಎಂದ ಕಂಡಕ್ಟರ್. ಎಲ್ಲರೂ ಒಪ್ಪಿದರು. ಆಗ ಹಿಂದಿನ ಸೀಟಿನಿಂದ ಬೀರಮ್ಮ ಬಾಯಿ ಹಾಕಿದಳು. ಬೀರಮ್ಮ ಕಡಲ ದಂಡೆಯವಳು, ಬುಟ್ಟಿ ಹೊತ್ತು ನಮ್ಮ ಕಡೆ ಒಣಮೀನು ಮಾರುತ್ತಿದ್ದವಳು. ನಮ್ಮೂರಲ್ಲಿ ಮಗಳ ಮನೆಯಿದ್ದುದರಿಂದ ಶನಿವಾರ ನಮ್ಮ ಬಸ್ಸಿಗೇ ಬರುತ್ತಿದ್ದಳು. ಆವತ್ತು ಅವಳೂ ಸಿನಿಮಾ ನೋಡಿದ್ದಳು.

"ನಾನಾದ್ರೆ ಹೋಗ್ತಿರ್ಲಿಲ್ಲ," ಎಂದಳು. "ಕೈ ಮುಗ್ಯೂಕೆ ಎಂತಾ ಕಷ್ಟ? ಮನೆಗೆ ಹೋದ್ಮೇಲೆ ಅದೇ ಕೈ ಅಲ್ದಾ?"

ಬಸ್ಸೆಲ್ಲ ನಕ್ಕಿತು. ನಿನಗೇನು, ನಿನ್ನ ಬುಟ್ಟಿ ನಿನ್ನ ಕೈಯಲ್ಲಿದೆ ಎಂದು ನಾಗವೇಣಕ್ಕ ಛೇಡಿಸಿದಳು. ಬೀರಮ್ಮ ಬುಟ್ಟಿಯನ್ನು ಕಾಲ ಹತ್ತಿರ ಎಳೆದುಕೊಂಡಳು. ನಾನು ನಗಲಿಲ್ಲ. ಅವಳ ಮಾತು ನನಗೆ ಸರಿ ಅನ್ನಿಸಿತ್ತು.

ಬಸ್ಸಿಳಿದು ಮನೆಗೆ ಬಂದರೆ ಅಂಗಳದಲ್ಲಿ ಅಪ್ಪನ ಬೈಕು ನಿಂತಿತ್ತು. ಅಪ್ಪ ಒಳಕೋಣೆಯ ಹೊಸ್ತಿಲಲ್ಲಿ ಕೂತು ಮಾವಿನಹಣ್ಣು ಹೆಚ್ಚುತ್ತಿದ್ದ. ಅಜ್ಜಿ ಗೋಡೆಗೆ ಒರಗಿದ್ದಳು. ಅತ್ತೆ ಕಿಟಕಿಯ ಹತ್ತಿರ ಇದ್ದಳು. ಕತೆ ಹೇಳು ಎಂದಳು. ನಾನು ಹೇಳುತ್ತ ಹೋದೆ. ಆವತ್ತು ಅತ್ತೆ ನಗಲಿಲ್ಲ. ನಡುವೆ ಒಮ್ಮೆ, ಆ ಹೆಂಡತಿ ಬೀಗದಕೈಯನ್ನು ಅಕ್ಕಿ ಡಬ್ಬಿಯಲ್ಲಿ ಹಾಕಿ ಹೋದಳಾ ಎಂದು ಕೇಳಿದಳು. ಹೌದು ಎಂದೆ. ಅದನ್ನು ನಾನಿನ್ನೂ ಹೇಳಿಯೇ ಇರಲಿಲ್ಲ ಎಂಬುದು ಕತೆಯ ಭರದಲ್ಲಿ ನನಗೆ ಹೊಳೆಯಲಿಲ್ಲ. ಬಸ್‌ಸ್ಟ್ಯಾಂಡಿನವರೆಗೆ ಬಂದು ನಿಲ್ಲಿಸಿದೆ.

"ಮತ್ತೆ? ಅವಳು ಹೋದ್ಲಾ ಇಲ್ವಾ?" ಎಂದಳು ಅತ್ತೆ.

ಅಪ್ಪನ ಕೈಯಲ್ಲಿನ ಚಾಕು ನಿಂತಿತು. ಅಜ್ಜಿ ನನ್ನನ್ನೇ ನೋಡುತ್ತಿದ್ದಳು. ಆಯಿ ಸೌಟು ಹಿಡಿದುಕೊಂಡೇ ಬಂದು ನಿಂತಳು. ಕೇಳುತ್ತಿರುವುದು ಸಿನಿಮಾದ ವಿಷಯವಲ್ಲ ಎಂದು ಹನ್ನೊಂದು ವರ್ಷದ ನನಗೂ ಅಂದಾಜಾಗಿತ್ತು. ಬೀರಮ್ಮನ ಮಾತು ನಾಲಿಗೆ ತುದಿಯವರೆಗೆ ಬಂತು. ಆದರೆ ಬಸ್ಸಿನಲ್ಲಿ ಅವಳಿಗೆ ನಕ್ಕ ಹಾಗೆ ನನಗೂ ನಗುತ್ತಾರೆ, ಇಲ್ಲವೇ ಅಜ್ಜಿ ಅಳುತ್ತಾಳೆ, ಆಯಿ ಬೈಯುತ್ತಾಳೆ ಅನ್ನಿಸಿತು. ನಾನು ಹೆದರಿದೆ.

"ಹೋದ್ಲು," ಎಂದೆ. "ಆಮೇಲೆ ಅವಳಿಗೆ ಮಗು ಆಯ್ತು."

"ಬಸ್ಸಲ್ಲಿ ಎಲ್ರೂ ಎಂತಾ ಅಂದ್ರು?"

"ಹೋದದ್ದೇ ಸರಿ ಅಂದ್ರು. ಎಲ್ರೂ."

ಅತ್ತೆ ತಲೆಯಾಡಿಸಿದಳು. ಅಪ್ಪ ಮತ್ತೆ ಹಣ್ಣು ಹೆಚ್ಚತೊಡಗಿದ. ಅಷ್ಟು ಸಿಹಿಯಾದ ಇಶಾಡ ಆ ವರ್ಷ ಬೇರೆ ಸಿಕ್ಕಿರಲಿಲ್ಲ, ಆದರೆ ಒಂದು ಹೋಳು ತಿಂದು ಉಳಿದದ್ದನ್ನು ನಾನು ತಟ್ಟೆಯಲ್ಲೇ ಬಿಟ್ಟೆ. ಮರುದಿನ ಬೆಳಿಗ್ಗೆ ಅತ್ತೆ ತಾನಾಗಿ ಅಪ್ಪನಿಗೆ, ನನ್ನನ್ನು ಕಾರವಾರಕ್ಕೆ ಬಿಟ್ಟು ಬಾ ಎಂದಳು. ಅದೇ ಕೈಚೀಲ ಹಿಡಿದು ಬೈಕಿನ ಹಿಂದೆ ಕೂತಳು. ದಾರಿಯಲ್ಲಿ ಹೋಗುವವರು ಕೇಳಿದರೆ ಹೇಳಲು ಅಜ್ಜಿಗೆ ಒಂದು ಉತ್ತರ ಸಿಕ್ಕಿತು.

ಬೀಗ ನಿಲ್ಲಲಿಲ್ಲ. ಹನ್ನೊಂದು ವರ್ಷ, ಮಾವ ಹಾರ್ಟ್ ಅಟ್ಯಾಕಿನಲ್ಲಿ ತೀರಿಕೊಳ್ಳುವವರೆಗೆ, ಅವನು ಕೆಲಸಕ್ಕೆ ಹೊರಟಾಗಲೆಲ್ಲ ಆ ಬಾಗಿಲಿಗೆ ಹೊರಗಿನಿಂದ ಬೀಗ ಬೀಳುತ್ತಲೇ ಇತ್ತು. ಹಬ್ಬಕ್ಕೆ ಬಂದಾಗ ಮಾವನೂ ಜೊತೆಗಿರುತ್ತಿದ್ದ. ಕೇಳಿದರೆ ಅತ್ತೆ ಆರಾಮಿದ್ದೇನೆ ಎನ್ನುತ್ತಿದ್ದಳು. ನಾವೂ ಎರಡನೆಯ ಸಲ ಕೇಳುತ್ತಿರಲಿಲ್ಲ.

ಈಗ ಅಂಕೋಲೆಯ ಆ ಥೇಟರಿಲ್ಲ. ನಮ್ಮೂರಿಗೆ ಕತ್ತಲಾದ ಮೇಲೂ ಬಸ್ಸಿದೆ, ಆದರೆ ಅದರಲ್ಲಿ ಸಿನಿಮಾದ ಮಾತಿಲ್ಲ. ಒಬ್ಬೊಬ್ಬರೂ ಮೊಬೈಲಿನಲ್ಲಿ ತಮ್ಮ ತಮ್ಮ ಸಿನಿಮಾವನ್ನು ಕೊನೆತನಕ ನೋಡುತ್ತ ಕೂತಿರುತ್ತಾರೆ. ನಾಗವೇಣಕ್ಕನೂ ಇಲ್ಲ, ಬೀರಮ್ಮನೂ ಇಲ್ಲ. ಅತ್ತೆ ಕಾರವಾರದ ಅದೇ ಮನೆಯಲ್ಲಿದ್ದಾಳೆ. ಹೊರಗಿನ ಚಿಲಕವನ್ನು ಮಾವನ ವರ್ಷದ ತಿಥಿಗೂ ಮುಂಚೆಯೇ ಕೀಳಿಸಿದ್ದಾಳೆ. ಅದರ ಮೊಳೆಯ ನಾಲ್ಕು ತೂತು ಬಾಗಿಲಲ್ಲಿ ಹಾಗೇ ಇವೆ.

ಹೋದ ವರ್ಷ ಅಲ್ಲಿಗೆ ಹೋಗಿದ್ದಾಗ ಮಧ್ಯಾಹ್ನ ಟಿವಿಯಲ್ಲಿ ಆ ಸಿನಿಮಾ ಬಂತು. ಬಸ್‌ಸ್ಟ್ಯಾಂಡು ಬಂತು, ಗಂಡ ಕೈಮುಗಿದ, ಅವಳು ತಲೆಯೆತ್ತಿ ನೋಡಿದಳು. ನಾನು ಎದ್ದುಹೋಗಬೇಕು ಅಂದುಕೊಂಡೆ, ಆದರೆ ಕೂತೇ ನೋಡಿದೆ. ಅವಳು ಏನೂ ಮಾತಾಡದೆ ಟ್ರಂಕು ಎತ್ತಿಕೊಂಡು ಬಸ್ಸು ಹತ್ತಿದಳು. ಬಸ್ಸು ಹೊರಟಿತು. ಗಂಡ ಅಲ್ಲೇ ಉಳಿದ. ಅಷ್ಟೇ ಸಿನಿಮಾ.

ನಾನು ಅಳುತ್ತಿದ್ದೆ. ನಮಗೆ ಕೊನೆ ಗೊತ್ತಿರಲಿಲ್ಲ ಅತ್ತೆ, ನಾನು ಸುಳ್ಳು ಹೇಳಿದೆ ಎಂದೆ.

"ನಂಗೆ ಗೊತ್ತಿತ್ತು ಮಗಾ," ಎಂದಳು ಅತ್ತೆ. "ನಾ ಒಬ್ಳೇ ಹೋಗಿ ನೋಡಿದ್ದು ಇದೇ ಪಿಚ್ಚರು. ಕೊನೆ ಕೇಳೂಕೆ ಅಲ್ಲ ನಿನ್ನ ಕೇಳಿದ್ದು. ಅವಳು ತಿರುಗಿ ಗಂಡನ ಮನೆಗೆ ಹೋಗೂದು ಬ್ಯಾಡ ಅಂತ ಒಬ್ರಾದ್ರೂ ಅಂದ್ರಾ ಅಂತ ತಿಳಿಬೇಕಾಗಿತ್ತು."

ಟಿವಿಯಲ್ಲಿ ಜಾಹೀರಾತು ಬರುತ್ತಿತ್ತು. ಇಷ್ಟು ವರ್ಷ ಹೇಳದೆ ಮುಚ್ಚಿಟ್ಟಿದ್ದೆ, ಇನ್ನು ಮುಚ್ಚಿಡುವುದು ನನ್ನಿಂದಾಗಲಿಲ್ಲ. ಒಬ್ಬಳು ಅಂದಿದ್ದಳು ಎಂದು ಹೇಳಿದೆ. ಒಣಮೀನಿನ ಬೀರಮ್ಮ.

ಅತ್ತೆ ಬಾಗಿಲ ಕಡೆ ನೋಡಿದಳು.

"ಒಬ್ಳು ಸಾಕಾಗಿತ್ತು," ಎಂದಳು.